ಗ್ರೈಂಡರಿನ ಕೆಳಗಿನ ಕಾದಂಬರಿ

ಪಶ್ಚಿಮ ಆಫ್ರಿಕಾದ ಸಾಹಿತ್ಯದ ಬಗ್ಗೆ ಕನ್ನಡದಲ್ಲಿ ಅಧಿಕಾರವಾಣಿಯಿಂದ ಮಾತನಾಡಬಲ್ಲ ವ್ಯಕ್ತಿ ಇಡೀ ಅಹಮದಾಬಾದಿನಲ್ಲಿ ಒಬ್ಬನೇ ಇದ್ದ. ಅದು ನಾನು. ಈ ಮಾತನ್ನು ನಾನಾಗಿ ಹೇಳಿಕೊಂಡದ್ದಲ್ಲ. ಹೇಳಿದವರು ನಮ್ಮ ಕನ್ನಡ ಸಂಘದ ಅಧ್ಯಕ್ಷರಾದ ವಾಸು ಶೆಟ್ಟರು. ನಾನು ಅಲ್ಲಗಳೆಯಲಿಲ್ಲ, ನನ್ನ ತಪ್ಪು ಅಷ್ಟೇ.

ತೊಂಬತ್ತರ ದಶಕದ ಮಾತು. ಶೆಟ್ಟರಿಗೆ ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿ ಉಡುಪಿ ಹೋಟೆಲಿತ್ತು. ಸಂಘದ ಸಭೆಗಳು ಆ ಹೋಟೆಲಿನ ಮಹಡಿಯ ಹಾಲ್‌ನಲ್ಲೇ ನಡೆಯುತ್ತಿದ್ದವು. ಆ ವರ್ಷ ಅವರಿಗೆ ಜಗತ್ತಿನ ಸಾಹಿತ್ಯವನ್ನೆಲ್ಲ ನಮಗೆ ಪರಿಚಯಿಸಿಬಿಡಬೇಕೆಂಬ ಹುಮ್ಮಸ್ಸು ಬಂದಿತ್ತು. ರಷ್ಯಾ ಮುಗಿದಿತ್ತು, ಲ್ಯಾಟಿನ್ ಅಮೆರಿಕವೂ ಆಗಿತ್ತು. ಪಶ್ಚಿಮ ಆಫ್ರಿಕಾಕ್ಕೆ ಮಾತ್ರ ಜನ ಸಿಕ್ಕಿರಲಿಲ್ಲ.

"ನೀವು ನೈಜೀರಿಯಾದಲ್ಲಿ ಇದ್ದು ಬಂದವರಲ್ವಾ ಮಾರಾಯ್ರೇ. ನಿಮ್ಮನ್ನು ಬಿಟ್ಟರೆ ಬೇರೆ ಯಾರುಂಟು ಹೇಳಿ," ಎಂದರು ಶೆಟ್ಟರು.

ಇದ್ದು ಬಂದದ್ದು ನಿಜ. ಚಾಂದ್‌ಖೇಡಾದ ಎಣ್ಣೆ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದ ನನ್ನನ್ನು ಒಮ್ಮೆ ಎರಡು ತಿಂಗಳ ಮಟ್ಟಿಗೆ ಪಂಪ್ ಕೆಲಸಕ್ಕೆಂದು ಅಲ್ಲಿಗೆ ಕಳಿಸಿದ್ದರು. ಬಂದ ಮೇಲೆ ಎರಡು ವರ್ಷ ಆ ಎರಡು ತಿಂಗಳ ಬಗ್ಗೆಯೇ ಮಾತನಾಡಿದ್ದೆ. ಆದರೆ ಅಲ್ಲಿ ನಾನು ಕಂಡದ್ದು ಗೆಸ್ಟ್‌ಹೌಸ್, ಪಂಪ್‌ಹೌಸ್ ಮತ್ತು ಅವೆರಡರ ನಡುವಿನ ರಸ್ತೆ. ಸಾಹಿತ್ಯದ ಸಂಪರ್ಕವಾದದ್ದು ಹೊರಡುವ ದಿನ ಮಾತ್ರ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಎಮೆಕಾ ಎಂಬ ಫೋರ್‌ಮನ್ ಒಂದು ಕಾದಂಬರಿ ಕೈಗಿತ್ತು, ಇವರು ನಮ್ಮ ಹೆಮ್ಮೆಯ ಲೇಖಕಿ, ಓದಿ ಅಭಿಪ್ರಾಯ ಬರೆಯಬೇಕು ಎಂದಿದ್ದ. ಆಗಲಿ ಎಂದಿದ್ದೆ. ಲೇಖಕಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಆ ತಾಯಿ ನನ್ನಿಂದ ಅನುಭವಿಸಿದ್ದು ಸಾಕು.

ನಾನು ಒಪ್ಪಿಕೊಳ್ಳಲು ಇನ್ನೊಂದು ಕಾರಣವಿತ್ತು. ನಮ್ಮ ಮಗಳು ಸ್ಮಿತಾ ಆಗ ಒಂಬತ್ತನೆಯ ತರಗತಿ. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಗೆಳತಿಯರ ಜೊತೆ ಗುಜರಾತಿ, ಶಾಲೆಯಲ್ಲಿ ಇಂಗ್ಲಿಷ್. 'ಊಟ ಬೇಡ, ಆಮೇಲೆ ಮಾಡ್ತೀನಿ, ಗೊತ್ತಿಲ್ಲ, ಇವಳ ಕನ್ನಡ ಈ ಮೂರೇ ವಾಕ್ಯ' ಎಂದು ಮನೆಗೆ ಬಂದವರಿಗೆಲ್ಲ ನಾನು ಹೇಳಿ ನಗಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ಅವಳು ಎದ್ದು ಒಳಗೆ ಹೋಗುತ್ತಿದ್ದಳು. ಸಂಘಕ್ಕೆ ಬರುವುದನ್ನೂ ಬಿಟ್ಟಿದ್ದಳು. ಒಂದು ಸಲವಾದರೂ ಆ ಹಾಲ್‌ನಲ್ಲಿ ಕೂತು ಅಪ್ಪನ ಕನ್ನಡ ಕೇಳಲಿ, ಅಪ್ಪ ಎಂದರೆ ಏನೆಂದು ತಿಳಿಯಲಿ ಎಂಬ ಆಸೆ ನನಗೆ ನಿಜವಾಗಿಯೂ ಇತ್ತು.

ಮನೆಗೆ ಬಂದು ಕಾದಂಬರಿ ಎಲ್ಲಿದೆ ಎಂದು ಹೆಂಡತಿಯನ್ನು ಕೇಳಿದೆ. ಗಿರಿಜಾ ಧಾರವಾಡದವಳು, ಮಾತನ್ನು ಸುತ್ತಿ ಬಳಸಿ ಆಡುವ ಅಭ್ಯಾಸವಿಲ್ಲ.

"ಗ್ರೈಂಡರ್ ಕೆಳಗ ಅದ. ನೀವ ಇಟ್ಟೀರಿ," ಎಂದಳು.

ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಈ ಮನೆಗೆ ಬರುವಾಗ ಲಾರಿಯಲ್ಲಿ ನಮ್ಮ ವೆಟ್ ಗ್ರೈಂಡರಿನ ಸ್ಟ್ಯಾಂಡಿನ ಒಂದು ಕಾಲು ಮುರಿದು ಎರಡು ಬೆರಳು ಗಿಡ್ಡವಾಗಿತ್ತು. ಇಟ್ಟಿಗೆ ಇಟ್ಟರೆ ಎತ್ತರ, ಹಲಗೆ ಇಟ್ಟರೆ ತಗ್ಗು. ಕಾದಂಬರಿ ಅಳತೆ ಹಿಡಿದು ಮಾಡಿಸಿದಂತೆ ಕೂತಿತ್ತು. ಪಶ್ಚಿಮ ಆಫ್ರಿಕಾದ ಸಾಹಿತ್ಯದ ಆಧಾರದ ಮೇಲೆ ನಮ್ಮ ಮನೆಯಲ್ಲಿ ಎರಡು ವರ್ಷ ದೋಸೆ ಹಿಟ್ಟು ರುಬ್ಬಲಾಗಿತ್ತು!

ಹೊರಗೆಳೆದೆ. ಗ್ರೈಂಡರ್ ವಾಲಿತು. ಅದರಲ್ಲಿ ಬೆಳಗಿನ ದೋಸೆಗೆ ನೆನೆಸಿ ಅರ್ಧ ರುಬ್ಬಿದ ಹಿಟ್ಟಿದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ಮುಂದಿನ ಒಂದು ತಾಸು ನೆಲ ಒರೆಸುವುದರಲ್ಲಿ ಕಳೆಯಿತು, ಅದರ ವಿವರ ಬೇಡ. ಕೊನೆಗೆ ಪುಸ್ತಕ ಬಿಡಿಸಿ ನೋಡಿದರೆ ನಲವತ್ತನೆಯ ಪುಟದವರೆಗೆ ಸರಿಯಾಗಿತ್ತು. ಕೊನೆಯ ಅಧ್ಯಾಯವೂ ಸರಿಯಾಗಿತ್ತು. ನಡುವಿನದೆಲ್ಲ ಎರಡು ವರ್ಷ ಜಿನುಗಿದ ಹಿಟ್ಟು ಕುಡಿದು, ಒಣಗಿ, ಒಂದೇ ಹಲಗೆಯಾಗಿತ್ತು.

ನಾನು ಇಂಜಿನಿಯರ್. ಅಂಟಿದ ಲಕೋಟೆಯನ್ನು ಆವಿಗೆ ಹಿಡಿದರೆ ಬಿಡುತ್ತದೆ ಎಂಬುದು ಗೊತ್ತು. ಇಡ್ಲಿ ಪಾತ್ರೆಗೆ ನೀರು ಹಾಕಿ, ಒಲೆ ಹಚ್ಚಿ, ಕಾದಂಬರಿಯನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟು ಮುಚ್ಚಳ ಮುಚ್ಚಿದೆ. ಕಾಲು ಗಂಟೆಯಾದ ಮೇಲೆ ತೆಗೆದು ನೋಡಿದೆ. ರಟ್ಟು ಬಿಟ್ಟಿತ್ತು. ಪುಟಗಳು ಇನ್ನಷ್ಟು ಗಟ್ಟಿಯಾಗಿದ್ದವು.

"ಹಿಟ್ಟು ಉಗಿಯೊಳಗ ಇಟ್ರ ಬೇಯ್ತದರೀ," ಎಂದಳು ಗಿರಿಜಾ, ಹಿಂದೆ ನಿಂತು. "ಅಷ್ಟೂ ತಿಳೀಲಿಲ್ಲೇನು ನಿಮಗ?"

ಆ ಹೊತ್ತಿಗೆ ಸ್ಮಿತಾ ನೀರು ಕುಡಿಯಲು ಅಡುಗೆಮನೆಗೆ ಬಂದಳು. ತಟ್ಟೆಯಲ್ಲಿ ಹಬೆಯಾಡುತ್ತಿದ್ದ ಪುಸ್ತಕವನ್ನೂ ನನ್ನನ್ನೂ ನೋಡಿದಳು. ಬಿಟ್ಟುಹೋದ ರಟ್ಟನ್ನು ತಿರುಗಿಸಿ ಹೆಸರು ಓದಿ, ಪೆನ್ನಿನಿಂದ ಅಂಗೈ ಮೇಲೆ ಬರೆದುಕೊಂಡು ಹೋದಳು. ಆ ವಾರವೆಲ್ಲ ರೂಮಿನ ಬಾಗಿಲು ಹಾಕಿಕೊಂಡೇ ಇದ್ದಳು. ಪರೀಕ್ಷೆಯಿರಬೇಕು ಎಂದುಕೊಂಡೆ.

ಬೇರೆ ಪ್ರತಿಗಾಗಿ ನಗರದ ಎರಡು ಪುಸ್ತಕದಂಗಡಿ ತಿರುಗಿದೆ. ಒಂದರಲ್ಲಿ ಮುಂಬಯಿಯಿಂದ ತರಿಸಲು ಮೂರು ವಾರ ಎಂದರು, ಇನ್ನೊಂದರಲ್ಲಿ ಆಫ್ರಿಕಾದ ಭೂಪಟ ತೋರಿಸಿದರು. ಕೊನೆಗೆ ಇದ್ದಷ್ಟನ್ನು ಓದಿದೆ. ಮೊದಲ ನಲವತ್ತು ಪುಟಗಳಲ್ಲಿ ಸಂತೆಯಲ್ಲಿ ಬಟ್ಟೆ ಮಾರಿ ಮಗನನ್ನು ಓದಿಸುವ ಒಬ್ಬ ತಾಯಿ. ಮಗ ಮಂತ್ರಿಯಾಗುತ್ತಾನೆ. ಕೊನೆಯ ಅಧ್ಯಾಯದಲ್ಲಿ ಆಕೆ ಅಂಗಡಿಯ ಬಾಗಿಲು ಹಾಕಿ, ದೊಡ್ಡದೊಂದು ಕೊಡೆ ಹಿಡಿದು ರಸ್ತೆಯಲ್ಲಿ ನಡೆದುಹೋಗುತ್ತಾಳೆ. ನಡುವೆ ಏನಾಯಿತು? ಕನ್ನಡ ವಾರಪತ್ರಿಕೆಗಳ ಧಾರಾವಾಹಿ ಓದಿ ಬೆಳೆದವನಿಗೆ ಅದನ್ನು ಬೇರೆ ಹೇಳಬೇಕೆ? ಸೊಸೆ ಬಂದಿರುತ್ತಾಳೆ. ಒಂದೇ ರಾತ್ರಿ ಕೂತು ನೂರೆಪ್ಪತ್ತು ಪುಟಗಳ ಕಥೆಯನ್ನು ನಾನೇ ಪೂರೈಸಿದೆ.

ಸಭೆಗೆ ಎರಡು ದಿನವಿರುವಾಗ ಶೆಟ್ಟರ ಫೋನ್ ಬಂತು. ವಡೋದರಾದಲ್ಲಿ ಅವರ ತಮ್ಮನ ಹೋಟೆಲ್ ಯೂನಿವರ್ಸಿಟಿಯ ಪಕ್ಕದಲ್ಲೇ ಇತ್ತು. ಅಲ್ಲಿಗೆ ದಿನವೂ ಮಸಾಲೆ ದೋಸೆಗೆ ಬರುವ ಒಬಿನ್ನ ಎಂಬ ನೈಜೀರಿಯಾದ ವಿದ್ಯಾರ್ಥಿಯನ್ನು ಮುಖ್ಯ ಅತಿಥಿಯಾಗಿ ಕರೆದಿದ್ದರಂತೆ. ಆತ ಏನು ಓದುತ್ತಾನೆ ಎಂದು ಕೇಳಿದೆ. ಕೆಮಿಕಲ್ ಇಂಜಿನಿಯರಿಂಗ್ ಎಂಬ ಉತ್ತರ ಬರಲಿ ಎಂದು ಮನೆದೇವರನ್ನು ನೆನೆದೆ.

"ಸಾಹಿತ್ಯವೇ. ಡಾಕ್ಟರೇಟ್ ಮಾಡ್ತಾ ಇದ್ದಾರೆ. ನಿಮ್ಮ ಸಬ್ಜೆಕ್ಟೇ ಮಾರಾಯ್ರೇ," ಎಂದರು ಶೆಟ್ಟರು. ಭಾಷಣ ಕನ್ನಡದಲ್ಲೇ ಇರಬೇಕು, ಅದು ಸಂಘದ ನಿಯಮ. ಅತಿಥಿಯ ಪಕ್ಕದಲ್ಲಿ ಕೂತು ಇಂಗ್ಲಿಷಿನಲ್ಲಿ ಹೇಳುತ್ತಾ ಹೋಗಲು ನನ್ನ ಮಗಳನ್ನೇ ಕೇಳಿದ್ದಾರೆ, ಅವಳು ಒಪ್ಪಿದ್ದಾಳೆ ಎಂದೂ ಹೇಳಿದರು.

ಫೋನ್ ಇಟ್ಟ ಮೇಲೆ ನನಗೆ ಸಮಾಧಾನವೇ ಆಯಿತು. ಮೂರು ವಾಕ್ಯದ ಕನ್ನಡದವಳು. ನಾನು ಹೇಳಿದ್ದರಲ್ಲಿ ಅವಳಿಗೆ ತಿಳಿಯುವುದೆಷ್ಟು, ಅತಿಥಿಗೆ ತಲುಪುವುದೆಷ್ಟು! ಮಗಳ ಅಜ್ಞಾನದ ಮೇಲೆ ಅಪ್ಪನೊಬ್ಬ ಇಷ್ಟು ಭರವಸೆ ಇಟ್ಟದ್ದು ಇಲ್ಲವೇನೋ. ಈಗ ನೆನೆದರೆ ನಾಚಿಕೆಯಾಗುತ್ತದೆ, ಆವತ್ತು ಆಗಲಿಲ್ಲ.

ಭಾನುವಾರ ಹಾಲ್ ತುಂಬಿತ್ತು. ನಮ್ಮ ಸಂಘದಲ್ಲಿ ಸನ್ಮಾನ ಮೊದಲು, ಭಾಷಣ ಆಮೇಲೆ. ಹಿಂದೊಮ್ಮೆ ಭಾಷಣ ಮುಗಿಯುವ ಹೊತ್ತಿಗೆ ಜನರೆಲ್ಲ ಊಟಕ್ಕೆ ಇಳಿದುಹೋಗಿ, ಶಾಲು ಹೊದಿಸುವಾಗ ಚಪ್ಪಾಳೆಗೆ ಮೈಕಿನವನೊಬ್ಬನೇ ಉಳಿದಿದ್ದನಂತೆ. ಅಂದಿನಿಂದ ಈ ಪದ್ಧತಿ. ನನಗೂ ದಪ್ಪನೆಯದೊಂದು ಶಾಲು ಹೊದಿಸಿ, ಹಾರ ಹಾಕಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಓಡಿಹೋಗುವ ದಾರಿ ಅಲ್ಲಿಗೆ ಮುಚ್ಚಿತು. ಮುಂದಿನ ಸಾಲಿನಲ್ಲಿ ಒಬಿನ್ನ ಬಿಳಿ ಜುಬ್ಬಾ ತೊಟ್ಟು ಕೂತಿದ್ದ. ಪಕ್ಕದಲ್ಲಿ ಸ್ಮಿತಾ.

ಆರಂಭ ಚೆನ್ನಾಗಿಯೇ ಆಯಿತು. ಅಲ್ಲಿನ ಲೇಖಕರು ದೊಡ್ಡವರು, ಬಹುಮಾನಗಳನ್ನು ಗೆದ್ದವರು ಎಂದೆ. ಯಾರು ಏನು ಗೆದ್ದರು ಎಂಬ ಗೋಜಿಗೆ ಹೋಗದೆ ಸೀದಾ ಕಾದಂಬರಿಗೆ ಬಂದೆ. ನಲವತ್ತು ಪುಟ ಸರಾಗವಾಗಿ ದಾಟಿದೆ. ನಲವತ್ತೊಂದರಿಂದ ನನ್ನ ಪ್ರತಿಭೆ ಶುರುವಾಯಿತು. ಸೊಸೆ ಬಂದಳು. ಅತ್ತೆಯ ಕೈಯಿಂದ ಬೀಗದ ಕೈ ಕಿತ್ತುಕೊಂಡಳು. ಹಬ್ಬದ ದಿನ ಅತ್ತೆಗೆ ತಂಗಳು ಬಡಿಸಿದಳು. ಮಂತ್ರಿ ಮಗ ಕಂಡೂ ಕಾಣದಂತಿದ್ದ. ಮಹಿಳೆಯರ ಸಾಲಿನಲ್ಲಿ ಸೆರಗು ಕಣ್ಣಿಗೆ ಹೋಗತೊಡಗಿತು. ಕೊನೆಗೆ, ಮನೆಯಿಂದ ಹೊರದೂಡಿಸಿಕೊಂಡ ಆ ಮುದುಕಿ ಸುರಿವ ಮಳೆಯಲ್ಲಿ ಒಂದು ಕೊಡೆ ಹಿಡಿದು ಒಬ್ಬಳೇ ನಡೆದುಹೋದಳು ಎಂದಾಗ ಸ್ವತಃ ಶೆಟ್ಟರು ಮೂಗು ಒರೆಸಿಕೊಂಡರು.

ಒಂದು ಮಾತ್ರ ವಿಚಿತ್ರವಾಗಿತ್ತು. ಸೊಸೆ ತಂಗಳು ಬಡಿಸಿದ ಭಾಗಕ್ಕೆ ನಾನು ಬಂದಾಗ ಒಬಿನ್ನ ತೊಡೆ ತಟ್ಟಿಕೊಂಡು ನಗುತ್ತಿದ್ದ. ಮುದುಕಿಯನ್ನು ಹೊರದೂಡಿದಾಗ ಚಪ್ಪಾಳೆ ಹೊಡೆದ. ಅವರವರ ದೇಶದ ರೀತಿ ಎಂದುಕೊಂಡು ಮುಂದುವರಿದಿದ್ದೆ.

ಊಟದ ಸಾಲಿನಲ್ಲಿ ಆತ ನನ್ನನ್ನು ಹುಡುಕಿಕೊಂಡು ಬಂದು, ಬಿಸಿಬೇಳೆ ಭಾತಿನ ತಟ್ಟೆ ಕೆಳಗಿಟ್ಟು, ಎರಡೂ ಕೈ ಹಿಡಿದುಕೊಂಡ. ಇಷ್ಟು ಚೆನ್ನಾಗಿ ಈ ಪುಸ್ತಕವನ್ನು ವಿವರಿಸಿದ್ದನ್ನು ತಾನು ಕೇಳಿಯೇ ಇಲ್ಲ ಎಂದ. ಮಗ ಸಂತೆಗೆ ಹೊಸ ತೆರಿಗೆ ಹಾಕುವುದು, ಸಂತೆಯ ಹೆಂಗಸರೆಲ್ಲ ಅವನ ಬಂಗಲೆ ಮುಂದೆ ಕೂತು ಹಗಲಿಡೀ ಅಣಕದ ಹಾಡು ಹೇಳುವುದು, ಮಂತ್ರಿ ತಾಯಿಯ ಬಟ್ಟೆ ಉಟ್ಟು ಹಿತ್ತಲ ಬಾಗಿಲಿನಿಂದ ಓಡಿಹೋಗುವುದು, ಇದನ್ನೆಲ್ಲ ನಾನು ಹೇಳಿದ ಬಗೆ ಅವನಿಗೆ ಬಹಳ ಹಿಡಿಸಿತ್ತು. ಮುಖ್ಯವಾಗಿ ಕೊನೆಯ ಕೊಡೆ. ಅದು ಸಂತೆಯ ಹೆಂಗಸರು ಅವಳನ್ನು ತಮ್ಮ ಯಜಮಾನಿಯಾಗಿ ಆರಿಸಿ ಕೊಟ್ಟ ಗೌರವದ ಕೊಡೆ, ಮಳೆಗೆ ಹಿಡಿದದ್ದಲ್ಲ ಎಂದು ಹೊರಗಿನವರಿಗೆ ಗೊತ್ತಾಗುವುದೇ ಇಲ್ಲವಂತೆ. ನನಗೆ ಗೊತ್ತಾಗಿತ್ತಲ್ಲ ಎಂದು ಅವನಿಗೆ ಆಶ್ಚರ್ಯ.

ನನಗೂ ಆಶ್ಚರ್ಯವೇ!

ಆತ ಮುಂದುವರಿಸಿದ. ಜೈಲಿಗೆ ಹೋಗಿ ಬಂದು ಮತ್ತೆ ನಾಟಕ ಬರೆದವರು, ಪರಕೀಯರ ಇಂಗ್ಲಿಷಿನಲ್ಲಿ ತಮ್ಮ ಅಜ್ಜಿಯರ ಧಾಟಿಯನ್ನು ಕೂರಿಸಿದವರು, ನಗಿಸುತ್ತಲೇ ಸರ್ಕಾರಗಳ ಬೆವರಿಳಿಸಿದ ಹೆಂಗಸರು, ಅವರ ಬಗ್ಗೆ ನಾನು ಹೇಳಿದ ಪೀಠಿಕೆಯೂ ಸೊಗಸಾಗಿತ್ತಂತೆ. ನಾನು ಶಾಲು ಸರಿಮಾಡಿಕೊಂಡು, ತಲೆಯಾಡಿಸಿ, ವಿನಯದಿಂದ ನಿಂತಿದ್ದೆ. ಬೇರೇನು ಮಾಡಲು ಸಾಧ್ಯವಿತ್ತು? ಅಷ್ಟರಲ್ಲಿ ದೂರದಲ್ಲಿ ಮೊಸರನ್ನ ತಿನ್ನುತ್ತಿದ್ದ ಸ್ಮಿತಾ ಕಣ್ಣಿಗೆ ಬಿದ್ದಳು. ಅವಳು ತಟ್ಟೆಯಿಂದ ತಲೆಯೆತ್ತಲಿಲ್ಲ.

ಮನೆಗೆ ಹೋಗುವ ಆಟೋದಲ್ಲಿ ಗಿರಿಜಾ ಒಂದು ಕಡೆ, ಮಗಳು ಒಂದು ಕಡೆ, ನಡುವೆ ಹಣ್ಣಿನ ಬುಟ್ಟಿಯ ಜೊತೆ ನಾನು. ಸ್ಮಿತಾಳ ಚೀಲದಲ್ಲಿ ಶಾಲೆಯ ಲೈಬ್ರರಿಯ ಮೊಹರಿದ್ದ ಪುಸ್ತಕವೊಂದು ಇಣುಕುತ್ತಿತ್ತು. ಅದೇ ಕಾದಂಬರಿ, ರಟ್ಟು ಸಮೇತ. ಎರಡು ಪುಸ್ತಕದಂಗಡಿ ಸುತ್ತಿದವನಿಗೆ ಮಗಳ ಶಾಲೆಯಲ್ಲೂ ಒಂದು ಲೈಬ್ರರಿ ಇರಬಹುದೆಂದು ಹೊಳೆದಿರಲಿಲ್ಲ.

ಆಟೋ ಅರ್ಧ ದಾರಿ ಬಂದಿತ್ತು. ಕೊನೆಗೆ ನಾನೇ, ಪಾಪ, ನನ್ನ ಕನ್ನಡ ನಿನಗೆ ಕಷ್ಟವಾಯಿತೇನೋ, ಅರ್ಥವಾಗದೆ ಪುಸ್ತಕದಲ್ಲಿದ್ದದ್ದನ್ನೇ ಹೇಳಿಬಿಟ್ಟೆಯಾ ಎಂದು ಮೆಲ್ಲಗೆ ಕೇಳಿದೆ. ಹಾಗೇ ಆಗಿರಲಿ ಎಂದು ಒಳಗೊಳಗೇ ಆಸೆಯಿತ್ತು.

"ಇಲ್ಲ ಪಪ್ಪಾ," ಎಂದಳು ಸ್ಮಿತಾ, ಕನ್ನಡದಲ್ಲಿ. "ನೀವು ಹೇಳಿದ್ದು ಪೂರ್ತಿ ಅರ್ಥ ಆಯ್ತು. ಅದಕ್ಕೇ ಅದನ್ನ ಹೇಳ್ಲಿಲ್ಲ."

ಗಿರಿಜಾ ಕಿಟಕಿಯಿಲ್ಲದ ಆಟೋದಲ್ಲಿ ಹೊರಗೆ ಬಗ್ಗಿ ನಕ್ಕಳು. ಡ್ರೈವರ್ ಹಿಂತಿರುಗಿ ನೋಡಿದ. ನನಗೆ ನಗು ಬರಲಿಲ್ಲ. ಮೂರು ವಾಕ್ಯ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆನಲ್ಲ, ಅವಳು ಈಗ ಮೂರೇ ವಾಕ್ಯದಲ್ಲಿ ಮುಗಿಸಿದ್ದಳು. ಅವಳ ತಲೆ ಸವರಲು ಹೋದೆ, ಹಣ್ಣಿನ ಬುಟ್ಟಿ ಅಡ್ಡ ಬಂತು.

ಆ ಪುಸ್ತಕವನ್ನು ಮರುದಿನವೇ ಕೇಳಿ ಇಸಿದುಕೊಂಡು ಪೂರ್ತಿ ಓದಿದೆ. ನಗು ತಡೆಯಲಾಗಲಿಲ್ಲ. ನಾನು ಸೇರಿಸಿದ ಸೊಸೆ ಅದರಲ್ಲಿ ಎಲ್ಲೂ ಇರಲಿಲ್ಲ, ಪುಣ್ಯಕ್ಕೆ. ಎಮೆಕಾನಿಗೆ ಎರಡು ವರ್ಷ ತಡವಾಗಿ ಪತ್ರ ಬರೆದೆ, ಪುಸ್ತಕ ನಮ್ಮ ಮನೆಯಲ್ಲಿ ಬಹಳ ಉಪಯೋಗಕ್ಕೆ ಬಂದಿತು ಎಂದು. ಅದು ಸುಳ್ಳೇನಲ್ಲ. ಮುಂದಿನ ತಿಂಗಳು ಸೆನೆಗಲ್‌ನ ಕವಿಗಳ ಬಗ್ಗೆ ಮಾತನಾಡಲು ಶೆಟ್ಟರು ಮತ್ತೆ ನಮ್ಮ ಮನೆಗೇ ಫೋನ್ ಮಾಡಿದರು. ನಾನು ಗಂಟಲು ಸರಿಮಾಡಿಕೊಂಡು ನಿಂತೆ. ಅವರು ಸ್ಮಿತಾಳನ್ನು ಕರೆಯಿರಿ ಎಂದರು.

ಮನೆಗೆ ಬಂದವರಿಗೆ ನಾನೀಗ ಆ ಹಳೆಯ ನಗೆಮಾತು ಹೇಳುವುದಿಲ್ಲ. ಅವರು ಸನ್ಮಾನದ ಶಾಲು ಎಲ್ಲಿ, ತೋರಿಸಿ ಎಂದರೆ ಗಿರಿಜಾಳೇ ಅಡುಗೆಮನೆಗೆ ಕರೆದುಕೊಂಡು ಹೋಗುತ್ತಾಳೆ. ಎಂಟು ಮಡಿಕೆ ಹಾಕಿ ಗ್ರೈಂಡರಿನ ಗಿಡ್ಡ ಕಾಲಿನ ಕೆಳಗೆ ಇಟ್ಟಿದ್ದಾಳೆ. ಕಾದಂಬರಿಗಿಂತ ಚೆನ್ನಾಗಿ ಕೂತಿದೆ, ಚೂರೂ ಅಲ್ಲಾಡುವುದಿಲ್ಲ.