ಮಲ್ಲಪ್ಪ ಕಾಕಾ ಕುಳಿತರೆ ನೆಟ್ ಹೋಗುತ್ತದೆ

ಕೆಟ್ಟುಹೋದ ಯಂತ್ರದ ಎದುರು ಕೈಕಟ್ಟಿ ನಿಲ್ಲುವವರೇ ನಿಜವಾದ ಜಾಣರು ಎಂಬ ಸಂಗತಿ ನನಗೆ ಬಹಳ ತಡವಾಗಿ ತಿಳಿಯಿತು. ಎದ್ದುಹೋಗಿ ಒಂದು ಗುಂಡಿ ಒತ್ತಿದಿರೋ, ನಿಮ್ಮ ಗ್ರಹಚಾರಕ್ಕೆ ಅದು ಸರಿಹೋಯಿತೋ, ಮುಗಿಯಿತು. ಆಮೇಲೆ ಜನ್ಮವಿಡೀ ಆ ಯಂತ್ರ ನಿಮ್ಮ ಕೊರಳಿಗೆ. ಇರಲಾರದವರು ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಆ ಜಾತಿಯವಳು ನಾನು. ಮನೆ ಮಿರಜದಲ್ಲಿ, ಕೆಲಸ ಸಾಂಗಲಿ ಪಕ್ಕದ ಕುಪವಾಡದ ಒಂದು ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ. ದ್ರಾಕ್ಷಿ ತುಂಬಿ ಊರೂರಿಗೆ ಕಳಿಸುವ ಪೆಟ್ಟಿಗೆಗಳನ್ನು ಅಲ್ಲಿ ಮಾಡುತ್ತಾರೆ, ನಾನು ಲೆಕ್ಕಪತ್ರ ನೋಡುತ್ತೇನೆ. ಒಂದು ದಿನ ನೆಟ್ ಹೋಗಿ ಎಲ್ಲರೂ ತಲೆ ಮೇಲೆ ಕೈ ಹೊತ್ತಿದ್ದಾಗ, ಗೋಡೆಯ ಗೂಡಿನಲ್ಲಿ ಹಸಿರು ದೀಪ ಮಿಣುಕಿಸುತ್ತಾ ಕುಳಿತಿದ್ದ ಕರಿ ಡಬ್ಬಿಯನ್ನು ನಾನು ಬಂದ್ ಮಾಡಿ ಚಾಲೂ ಮಾಡಿದೆ. ನೆಟ್ ಬಂತು. ನಮ್ಮ ಮಾಲೀಕರು, ಅವರನ್ನು ನಾವೆಲ್ಲ ಸಾಹೇಬರು ಎನ್ನುತ್ತೇವೆ, ಅಂದಿನಿಂದ ನೆಟ್ಟಿನ ಉಸಾಬರಿಯನ್ನೆಲ್ಲ ನನಗೇ ವಹಿಸಿಬಿಟ್ಟರು. ಸಂಬಳ ಮಾತ್ರ ಮೊದಲಿನ ಕೆಲಸದ್ದೇ ಉಳಿಯಿತು.

ನಮ್ಮ ಸರ್ವರ್ ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ಮೂಲೆಯಲ್ಲಿ, ಧೂಳು ಕೂರದಂತೆ ಹೊಲಿದ ಗೌನು ತೊಟ್ಟು ಕುಳಿತಿರುವ ಒಂದು ಹಳೆಯ ಕಂಪ್ಯೂಟರು. ಎಲ್ಲರ ಬಿಲ್ಲುಗಳೂ ಅದರ ಹೊಟ್ಟೆಗೇ ಹೋಗಬೇಕು. ಅದರಿಂದ ಹೊರಟ ಒಂದು ಕೇಬಲ್ ಗೋಡೆಗುಂಟ ಹರಿದು ಗೂಡಿನ ಕರಿ ಡಬ್ಬಿಗೆ ಸೇರುತ್ತದೆ, ಡಬ್ಬಿಯಿಂದ ನಮ್ಮೆಲ್ಲರ ಮೇಜುಗಳಿಗೆ. ಆ ಒಂದು ಕೇಬಲ್ ಮುನಿದರೆ, ನಮ್ಮ ಮಾತಿನಲ್ಲಿ ನೆಟ್ ಹೋದರೆ, ಬಿಲ್ ಹುಟ್ಟುವುದಿಲ್ಲ, ಬಿಲ್ ಇಲ್ಲದೆ ಲಾರಿ ಗೇಟು ದಾಟುವುದಿಲ್ಲ, ಲಾರಿ ನಿಂತರೆ ಡ್ರೈವರು ಹಾರ್ನಿನ ಮೇಲೆ ಮಲಗಿಬಿಡುತ್ತಾನೆ. ದ್ರಾಕ್ಷಿ ಸುಗ್ಗಿಯಲ್ಲಂತೂ ನಮ್ಮ ಅಂಗಳ ಮಿರಜ ಜಂಕ್ಷನ್ನಿನ ಹಾಗಿರುತ್ತದೆ. ಸಾಂಗಲಿಯ ದುರಸ್ತಿಯವನಿಗೆ ಫೋನ್ ಮಾಡಿದರೆ ಅವನು, “ತಾಈ, ಯಾವ ದೀಪ ಹತ್ತಿದೆ, ಯಾವುದು ಮಿಣುಕುತ್ತಿದೆ?” ಎಂದು ಕೇಳುತ್ತಾನೆ. ತಾಈ ಎಂದರೆ ಮರಾಠಿಯಲ್ಲಿ ಅಕ್ಕ. ಡಾಕ್ಟರಿಗೆ ಮಗುವಿನ ನಾಲಿಗೆಯ ಬಣ್ಣ ಹೇಳುವ ಹಾಗೆ ನಾನು ಬಲು ಶ್ರದ್ಧೆಯಿಂದ ಹೇಳುತ್ತೇನೆ. ಎಲ್ಲ ಕೇಳಿಕೊಂಡು ಅವನು, “ಬಂದ್ ಮಾಡಿ ಚಾಲೂ ಮಾಡಿ” ಎನ್ನುತ್ತಾನೆ. ಇಷ್ಟಕ್ಕೆ ದೀಪದ ಪುರಾಣವೆಲ್ಲ ಯಾಕೆ ಬೇಕಿತ್ತೋ ನನಗೆ ಇಂದಿಗೂ ತಿಳಿಯದು.

ಯಂತ್ರಗಳಿಗೂ ಮನುಷ್ಯರಿಗೂ ಒಳಗಿನ ನಂಟೊಂದು ಇರುತ್ತದೆ ಎಂದು ನಂಬುವ ಮನೆತನದಲ್ಲೇ ನಾನು ಬೆಳೆದದ್ದು. ಚಿಕ್ಕಂದಿನಲ್ಲಿ ಮಿರಜದ ನಮ್ಮ ಮನೆಯ ರೇಡಿಯೋದಲ್ಲಿ ಧಾರವಾಡ ಸ್ಟೇಷನ್ ಹಿಡಿಯಬೇಕಾದರೆ ಅಪ್ಪ ಮುಳ್ಳು ತಿರುಗಿಸಿದರಷ್ಟೇ ಸಾಲುತ್ತಿರಲಿಲ್ಲ, ಮಾವಶಿ, ಅಂದರೆ ನಮ್ಮ ಚಿಕ್ಕಮ್ಮ, ಬಂದು ಕಿಟಕಿಯ ಬಳಿ ನಿಲ್ಲಬೇಕಿತ್ತು. ಅವಳು ನಿಂತರೆ ಕನ್ನಡ ವಾರ್ತೆ ಗಂಟೆ ಹೊಡೆದ ಹಾಗೆ ಕೇಳಿಸುತ್ತಿತ್ತು, ಸರಿದರೆ ಬರೀ ಗೊರಗೊರ. ಪಾಪ, ಹಿಟ್ಟಿನ ಕೈಯಲ್ಲೇ ಬಂದು, ಊರಿನ ಸುದ್ದಿ ಪೂರ್ತಿ ಮುಗಿಯುವವರೆಗೆ ಕದಲದೆ ನಿಲ್ಲುತ್ತಿದ್ದಳು. ಅಲ್ಲಿ ರೊಟ್ಟಿ ಕರಿಯಾಗುತ್ತಿತ್ತು. ಅವಳಿಗೆ ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಹೀಗಾಗಿ ನಮ್ಮ ಕಚೇರಿಯಲ್ಲಿ ಮಲ್ಲಪ್ಪ ಕಾಕಾನ ಮಾತು ಎದ್ದಾಗ ಅದನ್ನು ತಟ್ಟನೆ ತಳ್ಳಿಹಾಕುವ ಧೈರ್ಯ ನನಗೂ ಬರಲಿಲ್ಲ.

ಮಲ್ಲಪ್ಪ ಕಾಕಾ ಮಿರಜದ ಹತ್ತಿರದ ಬೇಡಗದವರು. ಪೆಟ್ಟಿಗೆ ಎಣಿಸಿ ಲಾರಿಗೆ ಹಾಕಿಸಿ ಬಿಲ್ ಮಾಡಿ ಕಳಿಸುವ ಕೆಲಸ ಅವರದು. ಕಚೇರಿಯಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ, ಉಳಿದವರದೆಲ್ಲ ಮರಾಠಿ. ಉಳಿದವರಿಗೆ ತಿಳಿಯಬಾರದ್ದೆಲ್ಲ ನಮ್ಮ ನಡುವೆ ಕನ್ನಡದಲ್ಲಿ ನಡೆಯುತ್ತದೆ. ನಾವು ಕನ್ನಡಕ್ಕೆ ತಿರುಗಿದ ಕೂಡಲೇ ಉಳಿದವರ ಕಿವಿ ನೆಟ್ಟಗಾಗುತ್ತದೆ. ಕಾಕಾ ತಲೆ ನರೆತ ಮೇಲೆ ಕಂಪ್ಯೂಟರು ಕಲಿತವರು. ಒಂದೊಂದೇ ಬೆರಳಿನಿಂದ, ಮಜ್ಜಿಗೆಯಲ್ಲಿ ನೊಣ ಹುಡುಕುವವರಂತೆ ಅಕ್ಷರ ಹುಡುಕಿ ಹುಡುಕಿ ಕಲಿತರು. ಮೊದಲ ಬಿಲ್ ಮಾಡಿದ ದಿನ ಎಲ್ಲರಿಗೂ ಪೇಢೆ ಹಂಚಿದ್ದರು. ಅಂಥವರ ಮೇಲೆ ಈ ಅಪವಾದ ಬಂತು: ಕಾಕಾ ಕುರ್ಚಿಯಲ್ಲಿ ಕುಳಿತರೆ ನೆಟ್ ಹೋಗುತ್ತದೆ, ಎದ್ದರೆ ಬರುತ್ತದೆ.

ಇದನ್ನು ಮೊದಲು ಕಂಡುಹಿಡಿದವಳು ಬಿಲ್ಲಿಂಗಿನ ಸ್ನೇಹಲ್. ಒಳ್ಳೆಯ ಹುಡುಗಿ, ಆದರೆ ಬಾಯಿಗೆ ಬಾಗಿಲಿಲ್ಲ. ಮೊದಮೊದಲು ತಮಾಷೆಗೆ ಅಂದದ್ದು ಬರಬರುತ್ತಾ ಶಾಸ್ತ್ರವಾಯಿತು. ನೆಟ್ ಹೋದ ಕೂಡಲೇ ಆಚೆ ಕೋಣೆಯಿಂದ ಅವಳ ದನಿ ಬರುತ್ತಿತ್ತು: “ಕಾಕಾ ಬಸ್ಲೇ ಕಾ?” ಕಾಕಾ ಕುಳಿತರೇನು, ಎಂದು. ತಿರುಗಿ ನೋಡಿದರೆ ಕಾಕಾ ಆಗ ತಾನೇ ಕುಳಿತಿರುತ್ತಿದ್ದರು. ಸುಳ್ಳೆನ್ನುವುದು ಹೇಗೆ? ಕೊನೆಗೆ ದುರಸ್ತಿಯವನನ್ನೇ ಕರೆಸಿದೆವು. ಅವನು ಒಳಗೆ ಬಂದಾಗ ಕಾಕಾ ಮರ್ಯಾದೆಗೆ ಎದ್ದು ನಿಂತರು, ನೆಟ್ ಬಂತು. ಅವನು ಇರುವಷ್ಟು ಹೊತ್ತೂ ಕಾಕಾ ನಿಂತೇ ಇದ್ದರು, ನೆಟ್ಟೂ ಇತ್ತು. ಅವನು ಎಲ್ಲ ಸರಿಯಿದೆ ಎಂದು ಚಹಾ ಕುಡಿದು ಹೋದ. ಸಾಹೇಬರು ಕೆಟ್ಟವರಲ್ಲ, ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದೇ ಹೇಳುತ್ತಾರೆ. ಆದರೂ ಅಂದು ಸಂಜೆ ಕಾಕಾನಿಗೆ, “ಕೆಲವು ದಿನ ಗೋದಾಮಿನಲ್ಲೇ ಕೂತುಕೊಳ್ಳಿ ಕಾಕಾ, ಅಲ್ಲಿ ಗಾಳಿ ಚೆನ್ನಾಗಿದೆ” ಎಂದರು. ಗೋದಾಮಿನಲ್ಲಿ ಗಾಳಿಯೂ ಇಲ್ಲ, ಫ್ಯಾನೂ ಇಲ್ಲ. ಕಾಕಾ ಹೋಗಿ ರಟ್ಟಿನ ರಾಶಿಯ ಮೇಲೆ ಕುಳಿತು ಕೈಯಲ್ಲೇ ಚೀಟಿ ಬರೆಯತೊಡಗಿದರು. ಅವರ ಬಿಲ್ಲುಗಳನ್ನು ಸ್ನೇಹಲ್ ಮಾಡಿದಳು. ನೆಟ್ ಒಮ್ಮೆಯೂ ಹೋಗಲಿಲ್ಲ. ಇನ್ನೇನು ಸಾಕ್ಷಿ ಬೇಕು?

ಶನಿವಾರ ಬೆಳಿಗ್ಗೆ ಕಾಕಾನಿಗೆ ಚಹಾ ಒಯ್ದುಕೊಟ್ಟೆ. ಮುಖ ಬಾಡಿಹೋಗಿತ್ತು.

“ಅಕ್ಕಾರ, ಸೋಮವಾರ ಸಾಹೇಬರಿಗೆ ಹೇಳಿಬಿಡ್ತೇನ್ರಿ. ಸಾಕಾತು. ನನ್ನಿಂದ ನಾಕು ಮಂದಿ ಕೆಲಸ ನಿಲ್ಲತೈತಿ ಅಂದ್ರ ನಾ ಯಾಕ ಇರಬೇಕು?”

“ಹಂಗ್ಯಾಕ ಅಂತೀರಿ ಕಾಕಾ? ಅದು ಯಂತ್ರದ್ದ ಏನರ ಇರತೈತಿ.”

“ಯಂತ್ರದ್ದ ಇದ್ರ ನಿಮಗೂ ಆಗಬೇಕಿತ್ತಲ್ಲ. ನಾ ಏನೂ ಕಡಿಮಿ ಮಾಡಿಲ್ರಿ. ದಿನಾ ಎಲ್ಲಾರ್ಕಿಂತ ಮೊದಲ ಬಂದು ಆ ದೀಪದ ಡಬ್ಬಿಗೆ ಎಡಿ ಹಿಡೀತಿದ್ದೆ. ಮೊದಲ ಒಂದ್ ಚೂರು ಬೆಲ್ಲ ಇಡ್ತಿದ್ದೆ. ನೆಟ್ ಹೋಗಾಕ ಹತ್ತಿದ ಮ್ಯಾಲ ಚುರಮುರಿನೂ ಇಟ್ಟೆ. ಆಮ್ಯಾಲ ಕೊಬ್ಬರಿ. ಮಂಗಳವಾರಕ್ಕ ಒಂದ್ ಮೋದಕ. ಇಟ್ಟಷ್ಟು ಜಾಸ್ತಿನ ಆತು. ನನ್ನ ಕೈ ಅದಕ್ಕ ಸೇರಂಗಿಲ್ಲ ನೋಡ್ರಿ.”

ಹೇಳುತ್ತಾ ಹೇಳುತ್ತಾ ಅವರು ಚಹಾವನ್ನು ಕುಡಿಯದೆ ಪಕ್ಕಕ್ಕಿಟ್ಟರು. ನನಗೆ ಸಂಕಟವಾಯಿತು. ಜೊತೆಗೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ಸಣ್ಣ ಅನುಮಾನವೂ ಬಂತು: ಆ ಎಡೆಯನ್ನೆಲ್ಲ ತಿಂದವರು ಯಾರು?

ಎಲ್ಲರೂ ಊಟಕ್ಕೆ ಎದ್ದಾಗ ಸೀರೆ ಸೊಂಟಕ್ಕೆ ಸಿಕ್ಕಿಸಿ, ಮೊಬೈಲಿನ ಬ್ಯಾಟರಿ ಹಚ್ಚಿಕೊಂಡು ಕಾಕಾನ ಮೇಜಿನ ಹಿಂದೆ ಅಂಬೆಗಾಲಿನಲ್ಲಿ ನುಗ್ಗಿದೆ. ಈ ವಯಸ್ಸಿನಲ್ಲಿ ಒಳಗೆ ನುಗ್ಗುವುದು ಸುಲಭ, ಹೊರಗೆ ಬರುವುದೇ ಕಷ್ಟ. ಅಲ್ಲಿ ನೋಡಿದರೆ ಮದುವೆ ಮನೆಯ ಪಂಕ್ತಿ ಎದ್ದ ಹಾಗಿತ್ತು. ಮೇಲಿನ ಗೂಡಿನಲ್ಲಿ ಡಬ್ಬಿಯ ಹಿಂದಿನಿಂದ ಉರುಳಿದ ಬೆಲ್ಲದ ಚೂರು, ಕೊಬ್ಬರಿ ತುಣುಕು, ಚುರಮುರಿ, ಅರ್ಧ ತಿಂದ ಮೋದಕ, ಸುತ್ತಲೂ ಇಲಿಯ ಹಿಕ್ಕೆ. ಗೋಡೆಗೂ ಮೇಜಿಗೂ ನಡುವೆ ಹಾದುಹೋಗಿದ್ದ ಕೇಬಲನ್ನು ಇಲಿ ಊಟದ ನಂತರದ ತಾಂಬೂಲದಂತೆ ಅಗಿದಿತ್ತು. ಒಂದೆರಡು ಎಳೆಯ ಮೇಲೆ ಇಡೀ ಕಾರ್ಖಾನೆ ಜೀವ ಹಿಡಿದಿತ್ತು. ಕಾಕಾನಿಗೆ ಮೇಜಿನ ಮೇಲೆ ಎರಡೂ ಕೈ ಊರಿ ‘ಹರಹರಾ’ ಎಂದು ಕೂರುವ ರೂಢಿ. ಆಗ ಮೇಜು ಹಿಂದೆ ಸರಿದು ಕೇಬಲನ್ನು ಗೋಡೆಗೆ ಒತ್ತುತ್ತಿತ್ತು, ಎದ್ದರೆ ಒತ್ತು ಸಡಿಲಾಗಿ ಎಳೆಗಳು ಮತ್ತೆ ಕೂಡುತ್ತಿದ್ದವು. ಖಾತ್ರಿ ಮಾಡಿಕೊಳ್ಳೋಣವೆಂದು ನಾನೇ ಮೇಜನ್ನು ಒಮ್ಮೆ ಗೋಡೆಗೆ ತಳ್ಳಿದೆ. ಊಟ ಬೇಗ ಮುಗಿಸಿ ಬಂದಿದ್ದ ಸ್ನೇಹಲ್ ಆಚೆಯಿಂದ ಕೂಗಿದಳು, “ಕಾಕಾ ಬಸ್ಲೇ ಕಾ?”

ನಾನು ಮೇಜಿನ ಕೆಳಗೇ ಕುಳಿತು ಯೋಚಿಸಿದೆ. ಅಪವಾದ ಸುಳ್ಳಾಗಿದ್ದರೆ ಎಷ್ಟು ಸುಲಭವಿತ್ತು, ಓಡಿಹೋಗಿ ಹೇಳಿಬಿಡುತ್ತಿದ್ದೆ. ಆದರೆ ಅದು ನೂರಕ್ಕೆ ನೂರು ನಿಜವಾಗಿತ್ತು. ನೆಟ್ ಹೋಗುತ್ತಿದ್ದದ್ದು ಕಾಕಾ ಕುಳಿತದ್ದರಿಂದಲೇ, ಇಲಿ ಬಂದದ್ದು ಕಾಕಾನ ಎಡೆಗೇ. ನೆಟ್ ಹೋದಷ್ಟೂ ಅವರು ಎಡೆ ಹೆಚ್ಚಿಸಿದರು, ಎಡೆ ಹೆಚ್ಚಿದಷ್ಟೂ ಇಲಿ ಕೇಬಲಿಗೆ ಹತ್ತಿರವಾಯಿತು. ಇದನ್ನು ಹೇಳಿದರೆ ಕಚೇರಿ ಒಂದು ವರ್ಷ ನಗುತ್ತಿತ್ತು, ಕಾಕಾ ಸೋಮವಾರದವರೆಗೂ ಕಾಯದೆ ಬೇಡಗಕ್ಕೆ ಹೋಗಿಬಿಡುತ್ತಿದ್ದರು. ಭಕ್ತಿಯಿಂದ ಇಟ್ಟದ್ದೇ ಮುಳುವಾಯಿತು ಎಂದು ಆ ಮನುಷ್ಯನ ಮುಖ ನೋಡಿ ಹೇಳುವುದು ನನ್ನಿಂದಾಗದು. ಬೆಲ್ಲ, ಕೊಬ್ಬರಿ, ಮೋದಕವನ್ನೆಲ್ಲ ಕರವಸ್ತ್ರದಲ್ಲಿ ಗಂಟು ಕಟ್ಟಿ ಪರ್ಸಿಗೆ ಹಾಕಿಕೊಂಡೆ. ಮನೆಗೆ ಹೋದ ಮೇಲೆ ಅದನ್ನು ಮರೆತು, ಮರುದಿನ ಪರ್ಸಿನ ತುಂಬ ಇರುವೆ ಸಾಕಿದ್ದು ಬೇರೆ ಕಥೆ. ಚುರಮುರಿಯನ್ನು ಮಾತ್ರ ಅಲ್ಲೇ ಬಿಟ್ಟೆ. ಹೊರಗೆ ಬಂದು ಸಾಹೇಬರನ್ನು ಕರೆದು ತೋರಿಸಿದೆ.

“ತಪ್ಪು ನನ್ನದೇ ಸಾಹೇಬ” ಎಂದೆ. “ಸಂಜೆ ಭಡಂಗ ತಿನ್ನುತ್ತಲೇ ಡಬ್ಬಿ ನೋಡಲು ಬರುತ್ತೇನೆ. ಚೆಲ್ಲಿದ್ದೆಲ್ಲ ನನ್ನದೇ. ಮೇಜನ್ನು ಗೋಡೆಗೆ ತಳ್ಳಿದವಳೂ ನಾನೇ. ಪಾಪ, ಕಾಕಾನದು ಏನೂ ಇಲ್ಲ.”

ಸಾಂಗಲಿಯವರ ಬಾಯಲ್ಲಿ ಭಡಂಗ, ಅಂದರೆ ಖಾರ ಹಚ್ಚಿದ ಚುರಮುರಿ, ಇಲ್ಲದ ಸಂಜೆಯೇ ಇಲ್ಲವಾದ್ದರಿಂದ ಎಲ್ಲರೂ ಕೂಡಲೇ ನಂಬಿದರು. ಅಷ್ಟು ಬೇಗ ನಂಬಬಾರದಿತ್ತು ಎಂದು ನನಗೆ ಒಳಗೊಳಗೇ ಅನಿಸಿತು. ಸಾಹೇಬರು ಇನ್ನು ಮೇಲೆ ಈ ಕೋಣೆಯೊಳಗೆ ಒಂದು ಕಾಳೂ ಬರಕೂಡದು, ದೇವರ ಪ್ರಸಾದವೂ ಬೇಡ, ಎಂದು ಅಪ್ಪಣೆ ಮಾಡಿದರು. ನಾನು ಯಾವ ಬಾಯಲ್ಲಿ ಹೇಳಲಿ ಎಂದು ಹೆಣಗುತ್ತಿದ್ದ ಮಾತನ್ನು ಅವರೇ ಹೇಳಿ ಪುಣ್ಯ ಕಟ್ಟಿಕೊಂಡರು. ಇಲಿಗೆ ವಿಷ ಇಡುವ ಮಾತು ಬಂದಾಗ ಮಾತ್ರ ಅವರು ಕಿವಿ ಮುಚ್ಚಿಕೊಂಡರು. ಸಾಂಗಲಿಯೆಂದರೆ ಗಣಪತಿಯ ಊರು, ಅಲ್ಲಿ ಗಣಪತಿಯ ವಾಹನಕ್ಕೆ ವಿಷವೇ? ಬೋನು ತರಿಸಿದೆವು. ಸಿಕ್ಕಿಬಿದ್ದ ಇಲಿ ಚೆನ್ನಾಗಿ ಉಂಡುಟ್ಟ ಮನೆಯದಾಗಿ ಕಂಡಿತು. ಅದನ್ನು ದೂರದ ಬಯಲಲ್ಲಿ ಬಿಟ್ಟುಬಂದರು.

ಹೊಸ ಕೇಬಲ್ ಎಳೆಸಿ, ಅದನ್ನು ಗೋಡೆಯ ಮೇಲುಗಡೆ ಮೊಳೆ ಹೊಡೆಸಿ ಕೂರಿಸಿದ ದಿನ ಸಾಹೇಬರು ಕಾಕಾನನ್ನು ಗೋದಾಮಿನಿಂದ ಕರೆಸಿದರು. ನಾವೆಲ್ಲ ನಮ್ಮ ನಮ್ಮ ಪರದೆಯ ಮೇಲೆ ಕಣ್ಣಿಟ್ಟು ನಿಂತೆವು. ಕಾಕಾ ಕುರ್ಚಿಯ ಅಂಚಿಗೆ, ಬೀಗರ ಮನೆಗೆ ಬಂದವರಂತೆ, ಸ್ವಲ್ಪವೇ ಸ್ವಲ್ಪ ತಗುಲಿದಂತೆ ಕುಳಿತರು.

“ಪೂರ್ತಿ ಕುಂದ್ರಿ ಕಾಕಾ” ಎಂದೆ.

ಮೇಜಿನ ಮೇಲೆ ಎರಡೂ ಕೈ ಊರಿ, ಕಣ್ಣು ಮುಚ್ಚಿ, ಕುಳಿತರು. ಆಚೆಯಿಂದ ಸ್ನೇಹಲ್, “ಆಹೇ, ಆಹೇ” ಎಂದಳು. ನೆಟ್ ಇದೆ, ಇದೆ. ಕಾಕಾ ಕಣ್ಣು ತೆರೆದು ಒಮ್ಮೆ ಎದ್ದು ಮತ್ತೆ ಕುಳಿತರು. ಇನ್ನೊಮ್ಮೆ ಎದ್ದರು, ಕುಳಿತರು. ಯಾರೂ ನಗಲಿಲ್ಲ. ಸ್ನೇಹಲ್ ಬಂದು ಅವರ ಕಾಲು ಮುಟ್ಟಿದಳು. ನನಗೆ ಕಣ್ಣು ತುಂಬಿ ಬಂತು, ಲೆಕ್ಕದ ಪುಟ ನೋಡುವ ನೆಪದಲ್ಲಿ ತಲೆ ತಗ್ಗಿಸಿದೆ.

ಅಲ್ಲಿಗೆ ಮುಗಿದಿದ್ದರೆ ನಾನು ದೊಡ್ಡ ಮನಸ್ಸಿನವಳಾಗಿಯೇ ಉಳಿಯುತ್ತಿದ್ದೆ. ಆದರೆ ಸಾಹೇಬರು ನೆಟ್ಟಿನ ಉಸಾಬರಿಯನ್ನು ನನ್ನಿಂದ ತೆಗೆದು ಕಾಕಾನಿಗೆ ಕೊಟ್ಟರು. “ಇಷ್ಟು ದಿನ ಅನ್ಯಾಯವಾಗಿ ಮಾತು ಕೇಳಿದರು, ಮರ್ಯಾದೆ ಅವರಿಗೇ ಸಲ್ಲಲಿ” ಎಂದರು. ಸರಿಯಾದ ಮಾತೇ. ನಾನೂ ಎಲ್ಲರ ಹತ್ತಿರ ಪೀಡೆ ತೊಲಗಿತು ಎಂದೇ ಹೇಳಿಕೊಂಡೆ. ಆದರೆ ಈಗ ನೆಟ್ ಹೋದರೆ ಎಲ್ಲರೂ ಕೂಗುವುದು, “ಕಾಕಾ, ಜರಾ ಬಘಾ” ಎಂದು. ಸ್ವಲ್ಪ ನೋಡಿ, ಎಂದು. ‘ತಾಈ’ ಎಂದು ಯಾರೂ ಕೂಗುವುದಿಲ್ಲ. ಆ ಕೂಗಿಗೆ ಗೊಣಗುತ್ತಾ ಏಳುವುದರಲ್ಲಿ ಎಂಥ ಸುಖವಿತ್ತು ಎಂದು ನನಗೆ ಆಗ ಗೊತ್ತೇ ಇರಲಿಲ್ಲ. ಕಾಕಾ ಗಂಭೀರವಾಗಿ ಹೋಗಿ, ಡಬ್ಬಿ ಬಂದ್ ಮಾಡಿ, ಕೈ ಮುಗಿದು, ಚಾಲೂ ಮಾಡುತ್ತಾರೆ. ಕೈ ಮುಗಿಯುವುದೊಂದು ಬಿಟ್ಟರೆ ನನ್ನ ವಿದ್ಯೆಯೂ ಅಷ್ಟೇ ಆಗಿತ್ತು.

ಮೊನ್ನೆ ಮತ್ತೆ ನೆಟ್ ಹೋಯಿತು. ಅಂಗಳದಲ್ಲಿ ಲಾರಿ, ಕಾಕಾ ಎಲ್ಲೋ ಹೊರಗಿದ್ದರು. ನನ್ನ ಕೈ ತಡೆಯಲಿಲ್ಲ. ಎದ್ದುಹೋಗಿ ಡಬ್ಬಿಗೆ ಕೈ ಹಾಕಬೇಕು, ಅಷ್ಟರಲ್ಲಿ ಕಾಕಾ ಬಂದರು. ಬೈಯಲಿಲ್ಲ. ಕಾಯಿಲೆಯವರ ಹತ್ತಿರ ಮಾತಾಡುವ ದನಿಯಲ್ಲಿ, ಉಳಿದವರಿಗೆ ತಿಳಿಯಬಾರದೆಂದು ಕನ್ನಡದಲ್ಲೇ ಅಂದರು:

“ಅಕ್ಕಾರ, ಮುಟ್ಟಬ್ಯಾಡ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ, ಕೆಲವರ ಕೈ ಇದಕ್ಕ ಆಗಿ ಬರಂಗಿಲ್ಲ. ಒಂದೀಟು ಆ ಕಡೆ ಹೋಗಿ ನಿಂದರ್ರಿ.”

ನಿಜ ಹೇಳಲು ಬಾಯಿ ತೆರೆದೆ. ಕಾಕಾನ ಮುಖದಲ್ಲಿ ನನ್ನ ಬಗ್ಗೆ ಎಷ್ಟೊಂದು ಕನಿಕರವಿತ್ತೆಂದರೆ, ತೆರೆದ ಬಾಯನ್ನು ಹಾಗೆಯೇ ಮುಚ್ಚಿಕೊಂಡೆ. ಅವರು ತೋರಿಸಿದ ಕಡೆ ಹೋಗಿ ನಿಂತೆ. ನೆಟ್ ಬಂತು.