ಹಳದಿ ಕಾರಿನ ಹಿಂದೆ ಇಡ್ಲಿ ಪಾತ್ರೆ

ಮುಟ್ಟದೆಯೇ ಪಂಡಿತರಾಗಬಹುದಾದ ವಿದ್ಯೆಗಳು ಲೋಕದಲ್ಲಿ ಕೆಲವಿವೆ. ಬ್ಯಾಟು ಹಿಡಿದು ಗೊತ್ತಿಲ್ಲದವನು ಕ್ಯಾಪ್ಟನ್ ಎಲ್ಲಿ ಎಡವಿದ ಎಂದು ಹೇಳಬಲ್ಲ. ಒಲೆ ಹಚ್ಚಲು ಬಾರದವನು ಸಾರಿಗೆ ಹುಳಿ ಮುಂದಾಯಿತು ಎಂದು ಹೇಳಬಲ್ಲ. ನಾನು ಇದೇ ದಾರಿಯಲ್ಲಿ ಸ್ಪೋರ್ಟ್ಸ್ ಕಾರುಗಳ ಪಂಡಿತನಾದವನು. ಯಾವ ಕಾರು ತಿರುವಿನಲ್ಲಿ ನೆಲ ಕಚ್ಚಿಕೊಂಡು ಹೋಗುತ್ತದೆ, ಯಾವುದು ಹಿಂಭಾಗ ಬೀಸುತ್ತದೆ, ಯಾವುದರ ಬ್ರೇಕು ಎರಡನೇ ಸುತ್ತಿಗೇ ಬಿಸಿಯಾಗಿ ಕೈಕೊಡುತ್ತದೆ, ಜರ್ಮನಿಯ ಕಾಡಿನ ನಡುವೆ ಇರುವ ಆ ಉದ್ದನೆಯ ಟ್ರ್ಯಾಕನ್ನು ಯಾವುದು ಎಷ್ಟು ಹೊತ್ತಿನಲ್ಲಿ ಸುತ್ತಿ ಬರುತ್ತದೆ, ಇವನ್ನೆಲ್ಲ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಹಾಗಂತ ಅಂಥ ಕಾರಿನೊಳಗೆ ಕೂತವನೇನಲ್ಲ. ಎಲ್ಲ ಮೊಬೈಲಿನಲ್ಲಿ ನೋಡಿ ಕಲಿತದ್ದು. ಆದರೆ ಶ್ರದ್ಧೆಯಿಂದ ಕಲಿತಿದ್ದೇನೆ, ಅದನ್ನು ನನ್ನ ಹೆಂಡತಿ ಸರ್ವಮಂಗಳಾ ಕೂಡ ಒಪ್ಪುತ್ತಾಳೆ. ಇಷ್ಟು ಶ್ರದ್ಧೆ ಓದುವ ಕಾಲಕ್ಕೆ ಇದ್ದಿದ್ದರೆ ಎಂದು ಕೊನೆಗೊಂದು ಮಾತು ಸೇರಿಸುತ್ತಾಳೆ, ಅಷ್ಟೆ.

ನಮಗೂ ಒಂದು ಕಾರಿದೆ. ಚಿಕ್ಕದು, ಬೂದು ಬಣ್ಣದ್ದು. ಭದ್ರಾವತಿಯ ನ್ಯೂ ಟೌನಿನಲ್ಲಿ ನಮ್ಮ ಮನೆಯ ಮುಂದಿನ ಬೇವಿನ ಮರದ ಕೆಳಗೆ ಅದು ವರ್ಷವಿಡೀ ಕವರು ಹೊದ್ದುಕೊಂಡು ನಿಂತಿರುತ್ತದೆ. ಬೂದು ಬಣ್ಣಕ್ಕೆ ಧೂಳು ಬೇಗ ಕಾಣುತ್ತದೆ ಎನ್ನುತ್ತಾಳೆ ಸರ್ವಮಂಗಳಾ, ಅದಕ್ಕೇ ಕವರು. ಆಯುಧಪೂಜೆಯ ದಿನ ಕವರು ತೆಗೆದು, ತೊಳೆದು, ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಅಷ್ಟನ್ನೂ ಅಪ್ಪಚ್ಚಿ ಮಾಡುವಷ್ಟು ದೂರ ಓಡಿಸಿ ಮತ್ತೆ ಕವರು ಹೊದಿಸುತ್ತೇನೆ. ಶಿವಮೊಗ್ಗದ ಆಫೀಸಿಗೆ ನಾನು ಹೋಗುವುದು ಬಸ್ಸಿನಲ್ಲಿ. ನೆಹರೂ ರಸ್ತೆಯಲ್ಲಿ ಪಾರ್ಕಿಂಗ್ ಸಿಗುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ಬಸ್ಸಿನಲ್ಲಾದರೆ ಕೈ ಖಾಲಿ ಇರುತ್ತದೆ, ಮೊಬೈಲು ಹಿಡಿದುಕೊಂಡು ಒಂದಿಷ್ಟು ಅಧ್ಯಯನ ಮಾಡಬಹುದು.

ಈ ಅಧ್ಯಯನಕ್ಕೆ ನನಗೊಬ್ಬ ಪ್ರತಿವಾದಿ ಇದ್ದಾನೆ, ರುದ್ರೇಶ. ಓಲ್ಡ್ ಟೌನಿನವನು, ಕಾಲೇಜಿನಿಂದಲೂ ಜೊತೆ, ಈಗ ಅದೇ ಆಫೀಸು, ಅದೇ ಬಸ್ಸು. ನಾನು ಕೆಂಪು ಕಾರಿನ ಪಕ್ಷ, ಅವನು ನೀಲಿ ಕಾರಿನ ಪಕ್ಷ. ಇವೆರಡರ ನಡುವೆ ಒಂದು ಸುತ್ತಿಗೆ ಅರ್ಧ ಸೆಕೆಂಡಿನಷ್ಟೂ ವ್ಯತ್ಯಾಸವಿಲ್ಲ. ಆದರೆ ಆ ಅರ್ಧ ಸೆಕೆಂಡಿನ ಮೇಲೆ ನಾವು ಹತ್ತಿರ ಹತ್ತಿರ ಒಂದು ಮಳೆಗಾಲ ಮಾತಾಡಿದ್ದೇವೆ. ಕೆಂಪು ಕಾರು ಸುತ್ತು ಹಾಕಿದ ದಿನ ಟ್ರ್ಯಾಕು ಒಣಗಿತ್ತು, ನೀಲಿ ಕಾರಿನ ದಿನ ತೇವವಿತ್ತು, ಆದ್ದರಿಂದ ಹೋಲಿಕೆಯೇ ನ್ಯಾಯವಲ್ಲ ಎಂದು ಅವನು ವಾದಿಸಿದ. ತೇವದಲ್ಲಿ ಜಾರುವ ಕಾರಿಗೆ ಹ್ಯಾಂಡ್ಲಿಂಗ್, ಅಂದರೆ ಹಿಡಿತ, ಇದೆ ಎಂದು ಯಾಕೆ ಹೇಳುತ್ತೀಯ, ಜಾರುಬಂಡೆ ಅನ್ನು ಎಂದೆ ನಾನು. ಇದಾದ ಮೇಲೆ ಕೆಲವು ದಿನ ನಾವು ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತೆವು. ಇಬ್ಬರ ಹತ್ತಿರವೂ ಬಸ್ ಪಾಸು ಇತ್ತೇ ಹೊರತು ಕೆಂಪು ಕಾರಾಗಲಿ ನೀಲಿ ಕಾರಾಗಲಿ ಇರಲಿಲ್ಲ ಎಂಬುದು ಆಗ ನೆನಪಿಗೆ ಬರಲಿಲ್ಲ.

ಹೀಗೆ ನನ್ನ ಪಾಂಡಿತ್ಯ ಯಾರಿಗೂ ತೊಂದರೆ ಕೊಡದೆ ನಡೆದುಕೊಂಡು ಹೋಗುತ್ತಿದ್ದಾಗ ನನ್ನ ನಾದಿನಿ ವಿನುತಾಗೆ ಒಂದು ಸಂಬಂಧ ಬಂತು. ಹುಡುಗ ಕಿರಣ, ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಪಾತ್ರೆ ಅಂಗಡಿ. ಒಳ್ಳೆಯ ಮನೆತನ, ಜಾತಕ ಕೂಡಿತ್ತು, ವಿನುತಾ ಒಂದು ಸಲ ಮಾತಾಡಿ ಬಂದು ಒಪ್ಪಿಯೂ ಆಗಿತ್ತು. ತೊಡಕು ಒಂದೇ. ಹುಡುಗನ ಹತ್ತಿರ ಒಂದು ಹಳದಿ ಸ್ಪೋರ್ಟ್ಸ್ ಕಾರಿತ್ತು. ಇಬ್ಬರ ಕೈದಾಟಿ ಬಂದ ಹಳೆಯದೇ, ಆದರೂ ಸ್ಪೋರ್ಟ್ಸ್ ಕಾರು. ಇದನ್ನು ಕೇಳಿದ್ದೇ ಹೊಳಲೂರಿನಲ್ಲಿರುವ ನಮ್ಮತ್ತೆಗೆ ಊಟ ಸೇರದಾಯಿತು. ಸ್ಪೀಡಾಗಿ ಹೋಗುವ ಹುಡುಗನಿಗೆ ಹೆಣ್ಣು ಕೊಡುವುದಿಲ್ಲ ಎನ್ನುವುದು ಅವರ ಮೊದಲ ಮಾತು. ಎರಡೇ ಸೀಟಿನ ಕಾರು ಇಟ್ಟುಕೊಂಡವನು ಸಂಸಾರ ಹೇಗೆ ಮಾಡುತ್ತಾನೆ, ನಾಳೆ ಅತ್ತೆ ಮಾವ ಹೋದರೆ ಎಲ್ಲಿ ಕೂರಿಸುತ್ತಾನೆ ಎನ್ನುವುದು ಎರಡನೆಯದು. ಹೆಣ್ಣಿನ ಕಡೆಯವರು ಹುಡುಗನ ಬಗ್ಗೆ ನಾಲ್ಕು ಕಡೆ ವಿಚಾರಿಸುವುದು ನಮ್ಮಲ್ಲಿ ಇದ್ದದ್ದೇ. ಕುಡಿಯುತ್ತಾನಾ, ಇಸ್ಪೀಟು ಆಡುತ್ತಾನಾ ಎಂದು. ಈ ಸಲ ವಿಚಾರಿಸಬೇಕಾದದ್ದು ಕಾರು ಹೇಗೆ ಓಡಿಸುತ್ತಾನೆ ಎಂದು. ಆಗ ಸರ್ವಮಂಗಳಾ ತಾಯಿಗೆ ಫೋನಿನಲ್ಲಿ, ನಮ್ಮ ಮನೆಯವರಿಗೆ ಕಾರಿನ ವಿಷಯದಲ್ಲಿ ಗೊತ್ತಿಲ್ಲದ್ದು ಏನೂ ಇಲ್ಲ, ಅವರನ್ನೇ ಕಳಿಸೋಣ ಎಂದಳು. ಹೊಗಳಿದಳೋ ಆಡಿಕೊಂಡಳೋ ಇವತ್ತಿಗೂ ಗೊತ್ತಾಗಿಲ್ಲ.

ಹುಡುಗ ಮಾರನೆಯ ದಿನ ಸಂಜೆ ಭದ್ರಾವತಿಗೆ ಬರುವವನಿದ್ದ. ಅತ್ತೆ ವಿನುತಾಳನ್ನು ಕರೆದುಕೊಂಡು ಆ ರಾತ್ರಿಯೇ ನಮ್ಮ ಮನೆಗೆ ಬಂದಿಳಿದರು. ಅವನ ಕಾರಿನಲ್ಲಿ ಕೂತು ಬಂದು, ಮನೆಯಲ್ಲಿ ಕಾಯುತ್ತಿರುವ ಅತ್ತೆಗೆ ನಾನು ತೀರ್ಪು ಹೇಳಬೇಕು ಎಂದಾಯಿತು. ಅಳಿಯಂದಿರು ಬೇಡ ಎಂದರೆ ಬೇಡ ಎಂದು ಅತ್ತೆ ಹೇಳಿಯೂ ಬಿಟ್ಟರು. ಬೆಳಗ್ಗೆ ನಾನು ಬಸ್ಸಿಗೆ ಹೊರಟಾಗ ವಿನುತಾ ಗೇಟಿನ ತನಕ ಬಂದಳು.

“ಭಾವ, ನನಗೆ ಅವರು ಇಷ್ಟ ಆಗಿದಾರೆ. ಸುಳ್ಳು ಹೇಳಿ ಅನ್ನಲ್ಲ. ಆದ್ರೆ ಸುಮ್ ಸುಮ್ನೆ ತಪ್ಪು ಹುಡುಕ್ಬೇಡಿ.”

ನಾನು ಗಂಭೀರವಾಗಿ ತಲೆಯಾಡಿಸಿದೆ. ಅಂತೂ ಒಂದು ಸ್ಪೋರ್ಟ್ಸ್ ಕಾರಿನಲ್ಲಿ ಕೂರುವ ದಿನ ಬಂತಲ್ಲ ಎಂಬ ಖುಷಿಯಲ್ಲಿ ಅವಳ ಮಾತು ನನ್ನ ಕಿವಿಯೊಳಗೆ ಪೂರ್ತಿ ಹೋಗಿರಲಿಲ್ಲ.

ಸಂಜೆ ಪಾತ್ರೆ ಅಂಗಡಿಯ ಮುಂದೆ ಹೋದಾಗ ಕಾರು ನಿಂತಿತ್ತು. ಮೊಬೈಲಿನಲ್ಲಿ ಕಂಡಂತೆಯೇ ಚಪ್ಪಟೆಯಾಗಿ, ಬಾಣಲೆ ಬೋರಲು ಹಾಕಿದ ಹಾಗೆ. ಅದರೊಳಗೆ ಇಳಿಯುವುದಕ್ಕೆ ಯೋಗಾಸನದ ಅಭ್ಯಾಸ ಬೇಕು ಎಂದು ಯಾವ ವಿಡಿಯೋದವನೂ ಹೇಳಿರಲಿಲ್ಲ. ಮೊದಲು ಕಾಲು ಹಾಕಿದೆ, ತಲೆ ಹೊರಗುಳಿಯಿತು. ತಲೆ ಹಾಕಿದೆ, ಕಾಲು ಹೊರಗುಳಿಯಿತು. ಕೊನೆಗೆ ಕಿರಣ ಹಿಂದಿನಿಂದ ಮೆಲ್ಲನೆ ಒತ್ತಿ ಕೂರಿಸಿದ. ನಾನು ಉಸಿರು ಬಿಡುವಷ್ಟರಲ್ಲಿ ಅವನು ಒಂದು ದೊಡ್ಡ ಇಡ್ಲಿ ಪಾತ್ರೆ ತಂದು, “ಸಾರ್, ಬೇಜಾರು ಮಾಡ್ಕೋಬೇಡಿ, ನ್ಯೂ ಟೌನ್ ಹೋಟ್ಲಿಗೆ ಕೊಡ್ಬೇಕು, ಡಿಕ್ಕೀಲಿ ಹಿಡಿಯಲ್ಲ” ಎಂದು ನನ್ನ ತೊಡೆಯ ಮೇಲಿಟ್ಟ. ಮುಂದಿನ ರಸ್ತೆಯ ಬದಲು ನನಗೆ ಆ ಪಾತ್ರೆಯಲ್ಲಿ ನನ್ನದೇ ಮುಖ ಅಗಲವಾಗಿ ಕಾಣುತ್ತಿತ್ತು.

ಎಂಜಿನ್ನು ಗುರ್ರೆಂದಾಗ ಮಾತ್ರ ಮೈ ಜುಮ್ಮೆಂದಿತು. ಆ ಜುಮ್ಮು ಮೊದಲ ಹಂಪಿನ ತನಕ ಇತ್ತು. ಕಾರಿನ ಹೊಟ್ಟೆ ನೆಲದಿಂದ ನಾಲ್ಕು ಬೆರಳು ಮೇಲಿದ್ದರೆ ಹೆಚ್ಚು. ಕಿರಣ ಹಂಪಿನ ಮುಂದೆ ಕಾರು ನಿಲ್ಲಿಸಿ, ನನ್ನನ್ನು ಒಮ್ಮೆ, ಹಂಪನ್ನು ಒಮ್ಮೆ ನೋಡಿ, ಬಹಳ ಸಂಕೋಚದಿಂದ, ಸಾರ್ ಸ್ವಲ್ಪ ಇಳೀತೀರಾ, ತೂಕ ಜಾಸ್ತಿ ಆದರೆ ಕೆಳಗೆ ತಗಲುತ್ತದೆ ಎಂದ. ರೇಸಿನವರೂ ಕಾರಿನ ತೂಕ ಇಳಿಸಿಯೇ ಸುತ್ತಿನ ಹೊತ್ತು ಕಡಿಮೆ ಮಾಡುವುದು ಎಂದು ನನಗೆ ಗೊತ್ತು. ಇಳಿಸುವ ತೂಕ ನಾನೇ ಆಗುತ್ತೇನೆ ಎಂದು ಗೊತ್ತಿರಲಿಲ್ಲ. ಇಳಿದೆ. ಪಾತ್ರೆಯೂ ಭಾರವೇ, ಅದನ್ನೂ ಎತ್ತಿಕೊಂಡು ಇಳಿದೆ. ಅವನು ಕಾರನ್ನು ಓರೆ ಮಾಡಿ, ಒಂದೊಂದೇ ಚಕ್ರವನ್ನು ಮೊಟ್ಟೆಯ ಮೇಲೆ ಇಟ್ಟಂತೆ ದಾಟಿಸಿದ. ನಾನು ಇಡ್ಲಿ ಪಾತ್ರೆ ಹೊತ್ತು ಹಿಂದಿನಿಂದ ನಡೆದು ಹೋಗಿ ಮತ್ತೆ ಆಸನ ಹಾಕಿ ಕೂತೆ.

ಶಿವಮೊಗ್ಗ ಭದ್ರಾವತಿ ನಡುವೆ ರಸ್ತೆ ಈಗ ಅಗಲವಾಗಿದೆ, ಆದರೆ ಕಿರಣನಿಗೆ ದಾರಿಯುದ್ದಕ್ಕೂ ಸಾಮಾನು ತಲುಪಿಸಬೇಕಾದ ಗಿರಾಕಿಗಳು. ಒಬ್ಬರಿಗೆ ಕುಕ್ಕರಿನ ಗ್ಯಾಸ್ಕೆಟ್ಟು, ಇನ್ನೊಬ್ಬರಿಗೆ ಜಾಲರಿ. ಪ್ರತಿ ಊರಿನೊಳಗೂ ಇಳಿಯಬೇಕು, ಪ್ರತಿ ಊರಿಗೂ ಹಂಪು. ಮಲವಗೊಪ್ಪದ ಹತ್ತಿರ ನಾನು ಪಾತ್ರೆ ಹಿಡಿದು ನಡೆಯುತ್ತಿದ್ದಾಗ ನಾನು ದಿನವೂ ಹೋಗುವ ಬಸ್ಸು ಪಕ್ಕದಲ್ಲೇ ಬಂತು. ಆ ಡ್ರೈವರು ಒಂದು ಕೈಯಲ್ಲಿ ಎಲೆಯಡಿಕೆಗೆ ಸುಣ್ಣ ಹಚ್ಚಿಕೊಳ್ಳುತ್ತ, ಇನ್ನೊಂದು ಕೈಯಲ್ಲಿ ಅಷ್ಟು ದೊಡ್ಡ ಬಸ್ಸನ್ನು ಎಮ್ಮೆ ಮತ್ತು ಆಟೋ ನಡುವೆ ತೂರಿಸಿ ಹಂಪು ಹಾರಿಸಿಕೊಂಡು ಹೋದ. ಹ್ಯಾಂಡ್ಲಿಂಗ್ ಎಂದರೆ ಅದು. ಕಿಟಕಿಯಲ್ಲಿ ರುದ್ರೇಶನ ಮುಖ ಕಂಡಿತು. ಅವನು ಹಳದಿ ಕಾರು ನೋಡಿದ, ಪಾತ್ರೆ ನೋಡಿದ, ನನ್ನನ್ನು ನೋಡಿದ. ಮುಂದಿನ ಸ್ಟಾಪಿನಲ್ಲಿ ಬಸ್ಸು ನಿಂತಾಗ ನಾವು ಅದನ್ನು ದಾಟಿದೆವು. ಮಾಚೇನಹಳ್ಳಿ ಬರುವಷ್ಟರಲ್ಲಿ ನಾನು ಮತ್ತೆ ರಸ್ತೆಯಲ್ಲಿದ್ದೆ, ಬಸ್ಸು ಮತ್ತೆ ಬಂತು. ಈ ಸಲ ಬಸ್ಸಿನ ಎಡಗಡೆಯ ಸೀಟಿನವರೆಲ್ಲ ಎದ್ದು ನಿಂತಿದ್ದರು. ಕಂಡಕ್ಟರು ಬಾಗಿಲಲ್ಲಿ ನಿಂತು, “ಬನ್ನಿ ಸಾರ್, ಸೀಟಿದೆ, ಪಾತ್ರೆಗೆ ಟಿಕೆಟ್ ಬೇಡ” ಎಂದು ನಿಜವಾದ ಕಾಳಜಿಯಿಂದಲೇ ಕರೆದ. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅಲ್ಲಿಂದಾಚೆ ಬಸ್ಸು ಮತ್ತೆ ಕಾಣಲಿಲ್ಲ. ಗೆದ್ದುಹೋಯಿತು.

ಇಷ್ಟರಲ್ಲಿ ನನ್ನ ತೀರ್ಪು ತಯಾರಾಗಿತ್ತು. ಈ ಸಂಬಂಧ ಬೇಡವೇ ಬೇಡ. ಆದರೆ ನ್ಯೂ ಟೌನಿನ ಹೋಟೆಲಿನಲ್ಲಿ ಪಾತ್ರೆ ಇಳಿಸಿ ಕಾಫಿ ಕುಡಿಯುವಾಗ ಕಿರಣ ತನ್ನ ಮೊಬೈಲು ತೆಗೆದು ನನ್ನ ಮುಂದಿಟ್ಟ.

“ಸಾರ್, ನೀವು ತಿಳ್ದೋರು ಅಂತ ನಿಮಗೊಬ್ರಿಗೆ ತೋರಿಸ್ತಿದೀನಿ. ನಮ್ಮನೇಲೂ ಯಾರಿಗೂ ಗೊತ್ತಿಲ್ಲ. ಎಲ್ಲಿ ತಪ್ಪು ಮಾಡ್ದೆ ನೋಡಿ ಹೇಳಿ.”

ವಿಡಿಯೋದಲ್ಲಿ ಚೆನ್ನೈ ಹತ್ತಿರದ ರೇಸ್ ಟ್ರ್ಯಾಕು. ದುಡ್ಡು ಕಟ್ಟಿದವರು ತಮ್ಮ ಕಾರು ತಂದು ಓಡಿಸುವ ದಿನ. ಹಂಪಿಲ್ಲ, ಎಮ್ಮೆಯಿಲ್ಲ, ಇಡ್ಲಿ ಪಾತ್ರೆಯಿಲ್ಲ. ಅದೇ ಹಳದಿ ಕಾರು ಬಿಟ್ಟ ಬಾಣದ ಹಾಗೆ ಹೋಗುತ್ತಿತ್ತು. ಒಂದು ತಿರುವು ಚೆನ್ನಾಗಿ ಹಿಡಿದ, ಇನ್ನೊಂದು ಹಿಡಿದ, ಮೂರನೆಯದಕ್ಕೆ ಬ್ರೇಕು ತಡ ಮಾಡಿದ. ಕಾರು ಗರಗರ ಎರಡು ಸುತ್ತು ತಿರುಗಿ, ಧೂಳೆಬ್ಬಿಸಿ, ಬಂದ ದಾರಿಗೇ ಮುಖ ಮಾಡಿ ಹುಲ್ಲಿನಲ್ಲಿ ನಿಂತಿತು. ಧೂಳಿನೊಳಗಿಂದ ಇವನ ನಗು ಕೇಳಿಸುತ್ತಿತ್ತು. ನಾನು ಬ್ರೇಕಿನ ವಿಷಯ ಹೇಳಿದೆ, ಅವನು ಹೌದು ಸಾರ್ ಹೌದು ಸಾರ್ ಎಂದು ಕೇಳಿಸಿಕೊಂಡ. ಅಷ್ಟು ವರ್ಷದಲ್ಲಿ ನನ್ನ ಪಾಂಡಿತ್ಯವನ್ನು ಒಬ್ಬರು ಗೌರವದಿಂದ ಕೇಳಿದ್ದು ಅದೇ ಮೊದಲು. ಸಂತೋಷವಾಗಬೇಕಿತ್ತು. ಹೊಟ್ಟೆ ಉರಿಯಿತು. ನಾನು ನೋಡಿದ್ದನ್ನು ಇವನು ಮಾಡಿದ್ದ. ನನ್ನ ಹೊಟ್ಟೆಯುರಿಗೆ ಒಂದು ಮರ್ಯಾದೆಯ ಹೆಸರು ಬೇಕಾಗಿತ್ತು, ಅದು ಕೂಡಲೇ ಸಿಕ್ಕಿತು: ಕರ್ತವ್ಯ. ಸ್ಪೀಡಿನ ಹುಡುಗ ಬೇಡ ಎಂದ ಅತ್ತೆಗೆ ಇದನ್ನು ಮುಚ್ಚಿಡುವುದು ಸರಿಯೇ?

ಕಿರಣ ನನ್ನನ್ನು ಗೇಟಿನ ಹತ್ತಿರ ಇಳಿಸಿ ಹೋದ. ಮನೆಯಲ್ಲಿ ಅತ್ತೆ ಕುರ್ಚಿ ಎಳೆದುಕೊಂಡು ಕೂತಿದ್ದರು. ವಿನುತಾ ಕಾಫಿ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಸರ್ವಮಂಗಳಾ ಅವಳ ಪಕ್ಕದಲ್ಲಿ. ನಾನು ಮೊದಲು ಚಿಕ್ಕ ಆಪಾದನೆಗಳಿಂದ ಶುರುಮಾಡಿದೆ. ಕಾರು ಹೆಸರಿಗೆ ಮಾತ್ರ ಸ್ಪೋರ್ಟ್ಸು. ಹಂಪು ಕಂಡರೆ ನಿಂತುಬಿಡುತ್ತಾನೆ. ಪಕ್ಕದಲ್ಲಿ ಕೂತವರನ್ನು ಇಳಿಸಿ ದಾಟಿಸುತ್ತಾನೆ. ಎಮ್ಮೆಗೆ ದಾರಿ ಬಿಟ್ಟು ಕಾಯುತ್ತಾನೆ. ಬಸ್ಸು ಕೂಡ ನಮ್ಮನ್ನು ದಾಟಿಕೊಂಡು ಹೋಯಿತು, ಅದೂ ಎರಡೆರಡು ಸಲ. ನಾನು ಒಂದೊಂದು ಹೇಳಿದಂತೆಯೂ ಅತ್ತೆಯ ಮುಖ ಅರಳುತ್ತ ಹೋಯಿತು. ಎಮ್ಮೆಯ ಹತ್ತಿರ ಬರುವಷ್ಟರಲ್ಲಿ ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಬಾಣ ತಿರುಗಿ ಹೋಗುತ್ತಿದೆ ಎಂದು ತಿಳಿದು ನಾನು ಕೊನೆಯದನ್ನು ತೆಗೆದೆ. “ಆದ್ರೆ ಅತ್ತೆ, ಒಂದು ವಿಷಯ ಇದೆ” ಎಂದೆ. ವಿನುತಾ ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದಳು.

ಅತ್ತೆ ನನ್ನ ಮಾತಿಗೆ ಕಿವಿಗೊಡಲಿಲ್ಲ. ಅವರು ತಮ್ಮ ಲೋಕದಲ್ಲಿದ್ದರು.

“ನಿಮ್ಮ ಹಂಗೇ ಇದಾನೆ ಬಿಡಿ ಅಳಿಯಂದ್ರೆ. ನಿಮ್ಮನ್ನ ಒಪ್ಪೋಕೆ ಮುಂಚೆ ನಿಮ್ಮ ಮಾವ ಗುಟ್ಟಾಗಿ ಬಂದು ನೋಡಿದ್ರು, ನಿಮಗೆ ಗೊತ್ತಿಲ್ಲ. ಓಲ್ಡ್ ಟೌನ್ ಸೇತುವೆ ಮೇಲೆ ಜನ ಓಡಾಡ್ತಾರೆ ಅಂತ ಬೈಕಿಂದ ಇಳ್ದು ತಳ್ಕೊಂಡು ಹೋಗ್ತಿದ್ರಂತೆ ನೀವು. ಇಂಥ ಹುಡುಗ ಮತ್ತೆ ಸಿಗಲ್ಲ ಅಂತ ಮನೆಗೆ ಬಂದು ಒಂದೇ ಮಾತು ಅಂದ್ರು.”

ಆ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಫ್ಯಾಕ್ಟರಿ ಗೇಟಿನಿಂದ ಓಲ್ಡ್ ಟೌನಿಗೆ ಯಾರು ಮೊದಲು ಎಂದು ನಾನೂ ರುದ್ರೇಶನೂ ಬೈಕು ಬಿಟ್ಟುಕೊಂಡು ಹೋಗಿದ್ದೆವು. ಜನ ಬೈದುಕೊಂಡು ಪಕ್ಕಕ್ಕೆ ಹಾರುತ್ತಿದ್ದರು. ಸೇತುವೆಯ ಹತ್ತಿರ ನನ್ನ ಬೈಕಿನ ಪೆಟ್ರೋಲು ಖಾಲಿಯಾಗದೆ ಹೋಗಿದ್ದರೆ ನಾನೇ ಗೆಲ್ಲುತ್ತಿದ್ದೆ. ಮಾವನವರು ಒಂದು ನಿಮಿಷ ಮೊದಲು ಬಂದಿದ್ದರೆ ನನಗೆ ಹೆಣ್ಣು ಸಿಗುತ್ತಿರಲಿಲ್ಲ. ನಾನು ಬಾಯಿ ತೆರೆದಿದ್ದವನು ಹಾಗೇ ಮುಚ್ಚಿಕೊಂಡೆ.

ಏನೋ ವಿಷಯ ಇದೆ ಎಂದಿರಲ್ಲ ಎಂದು ಅತ್ತೆ ನೆನಪು ಮಾಡಿಕೊಂಡು ಕೇಳಿದರು. ವಿನುತಾ ನನ್ನನ್ನೇ ನೋಡುತ್ತಿದ್ದಳು.

“ಕಾರಲ್ಲಿ ಎರಡೇ ಸೀಟು ಅತ್ತೆ” ಎಂದೆ.

ಅದು ಗೊತ್ತಿದ್ದದ್ದೇ, ಮಕ್ಕಳಾದ ಮೇಲೆ ದೊಡ್ಡದು ತಗೊಳ್ಳುತ್ತಾನೆ ಬಿಡಿ ಎಂದು ಅತ್ತೆ ಅಲ್ಲಿಂದಲೇ ಹೊಳಲೂರಿನಲ್ಲಿದ್ದ ಮಾವನವರಿಗೆ ಫೋನು ಮಾಡಿ ಮುಹೂರ್ತ ನೋಡಿಸಲು ಹೇಳಿದರು. ವಿನುತಾ ನನಗೆ ಕೊಟ್ಟ ಕಾಫಿಯಲ್ಲಿ ಸಕ್ಕರೆ ಎರಡು ಪಾಲು ಇತ್ತು. ನಾನು ದೊಡ್ಡ ಮನಸ್ಸಿನವನ ಠೀವಿಯಿಂದ ಅದನ್ನು ಕುಡಿದೆ.

ಊಟವಾಗಿ ಅತ್ತೆ ಒಳಗೆ ಹೋದ ಮೇಲೆ ಸರ್ವಮಂಗಳಾ ಲೋಟ ಎತ್ತಿಕೊಳ್ಳುತ್ತ, ಆ ಹುಡುಗನೂ ಎಲ್ಲೋ ಒಂದು ಕಡೆ ಜೋರಾಗಿ ಬಿಟ್ಟಿದ್ದಾನೆ ತಾನೇ ಎಂದು ಕೇಳಿದಳು. ನಿನಗೆ ಹೇಗೆ ಗೊತ್ತು ಎಂದೆ.

“ನೀವು ಬಾಯಿ ಮುಚ್ಕೊಂಡಿದ್ದು ನೋಡಿ ಗೊತ್ತಾಯ್ತು. ನಿಮ್ಮ ಪೆಟ್ರೋಲ್ ಖಾಲಿ ಆಗಿದ್ದನ್ನ ರುದ್ರೇಶಣ್ಣ ನಮ್ಮ ಮದ್ವೆ ಊಟದ ಪಂಕ್ತೀಲೇ ಹೇಳಿದ್ರು. ವಿನುತಂಗೆ ಏನ್ ಮಾಡ್ಬೇಕು ಅಂತ ಹೇಳ್ಕೊಟ್ಟಿದೀನಿ. ಹಳದಿ ಬಣ್ಣಕ್ಕೆ ಧೂಳು ಬೇಗ ಕಾಣುತ್ತೆ, ಕವರು ಹೊದಿಸಿ ಅನ್ನು ಅಂತ.”

ಅವಳು ಒಳಗೆ ಹೋದಳು. ನಾನು ಎದ್ದು ಹೊರಗೆ ಹೋಗಿ, ಬೇವಿನ ಮರದ ಕೆಳಗೆ ಕವರಿನ ತುದಿ ಎತ್ತಿ ನೋಡಿದೆ. ಕಾರು ಅಲ್ಲೇ ಇತ್ತು. ಧೂಳು ಮಾತ್ರ ಒಂದಿಷ್ಟೂ ಇರಲಿಲ್ಲ.