ಸ್ಪರ್ಧಿಯ ತಂದೆ ಅಂತಿಮ ಸುತ್ತಿನವರೆಗೆ ಬದುಕಿರಕೂಡದ ಬಗ್ಗೆ

ಅನುಕಂಪ ಮತ್ತು ಕರತಾಡನ ವಿಭಾಗ
(ಭಾನುವಾರದ ಟಿ.ವಿ. ಹಾಡಿನ ಸ್ಪರ್ಧೆ)

ಸಂಖ್ಯೆ: ಅಕವಿ/ಕಂಬನಿ-೨/ಮರಣ (ತಾತ್ಕಾಲಿಕ)/೧೪

ಸುತ್ತೋಲೆ

ವಿಷಯ: ಸ್ಪರ್ಧಿಯೊಬ್ಬರ ತಂದೆಯವರು ಪ್ರಸಾರದ ನಂತರವೂ ಜೀವಂತವಾಗಿ ಓಡಾಡುತ್ತಿರುವ ಕುರಿತು.

ಉಲ್ಲೇಖ: ೧. ಕಳೆದ ಭಾನುವಾರದ ಸಂಚಿಕೆ.
೨. ಬಸ್ ಪ್ರಯಾಣಿಕರೊಬ್ಬರ ಮೌಖಿಕ ದೂರು.
೩. ಪ್ರಾಯೋಜಕರಾದ ಸೋಪಿನ ಕಂಪನಿಯವರ ಆತಂಕ.

ಪ್ರಸ್ತಾವನೆ:

ಕಳೆದ ಭಾನುವಾರದ ಸಂಚಿಕೆಯಲ್ಲಿ, ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ಸ್ಪರ್ಧಿಯೊಬ್ಬರ ತಂದೆ ತೀರಿಕೊಂಡಿದ್ದಾರೆಂದು ತೋರಿಸಲಾಯಿತು. ಅವರು ತೀರಿಕೊಂಡಿರಲಿಲ್ಲ. ಅವರನ್ನಾಗಲಿ, ಮಗಳನ್ನಾಗಲಿ ಕೇಳಿರಲಿಲ್ಲ.

ತಂದೆಯಿಲ್ಲದ ಸ್ಪರ್ಧಿಯ ಸ್ಥಾನದಲ್ಲಿದ್ದ ಹುಡುಗ ಅದರ ಹಿಂದಿನ ವಾರ ಹೊರಬಿದ್ದುದರಿಂದ ಸದರಿ ಸ್ಥಾನ ತೆರವಾಗಿತ್ತು. ಉಳಿದವರ ಪೈಕಿ ಒಬ್ಬರು ಸೋರುವ ಮನೆಯ ಸ್ಥಾನದಲ್ಲೂ, ಒಬ್ಬರು ಕಾಯಿಲೆಯ ಸ್ಥಾನದಲ್ಲೂ, ಇನ್ನೊಬ್ಬರು 'ಅಪ್ಪ ದೊಡ್ಡ ಡಾಕ್ಟರು, ಆದರೂ ಮಗ ಹಾಡುತ್ತಾನೆ' ಎಂಬ ಸ್ಥಾನದಲ್ಲೂ ಇದ್ದ ಕಾರಣ, ಹೇಳಿಕೊಳ್ಳುವಂಥ ಕಷ್ಟವೇನೂ ಇಲ್ಲದೆ ಬರೀ ಚೆನ್ನಾಗಿ ಹಾಡುತ್ತಾ ಕುಳಿತಿದ್ದ ಈ ಸ್ಪರ್ಧಿಯನ್ನು ತೆರವಾದ ಸ್ಥಾನಕ್ಕೆ ನಿಯೋಜಿಸಲಾಯಿತು.

ಸದರಿ ತಂದೆಯವರು ನಗರದ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು, ಬಡಾವಣೆಯಲ್ಲಿ 'ರೈಟ್ ಮಾಮ' ಎಂದು ಪರಿಚಿತರು. ತಾವು ತೀರಿಕೊಂಡಿದ್ದನ್ನು ಅವರು ತಮ್ಮ ಮನೆಯಲ್ಲೇ, ಅಕ್ಕಪಕ್ಕದವರ ಜೊತೆ, ಊಟದ ತಟ್ಟೆ ಕೈಯಲ್ಲಿ ಹಿಡಿದು ವೀಕ್ಷಿಸಿರುತ್ತಾರೆ. ಮೊದಲು ಗಾಬರಿಗೊಂಡರೂ, ಹಿನ್ನೆಲೆಯಲ್ಲಿ ಕೊಳಲು ಶುರುವಾದ ಮೇಲೆ 'ಎಷ್ಟು ಚೆನ್ನಾಗಿ ಮಾಡಿದಾರೆ ನೋಡೇ, ನನಗೇ ಗಂಟಲು ಕಟ್ತು' ಎಂದು ಪತ್ನಿಗೆ ಹೇಳಿರುವುದು ವಿಭಾಗದ ಗಮನಕ್ಕೆ ಬಂದಿದೆ. ಮೃತರಿಂದಲೇ ಬಂದಿರುವ ಈ ಪ್ರಶಂಸೆಯನ್ನು ಕಡತದಲ್ಲಿ ಇರಿಸಲಾಗಿದೆ.

ಆದರೆ ಮರುದಿನ ಬೆಳಿಗ್ಗೆ ಅವರು ಏನೂ ಆಗಿಲ್ಲವೆಂಬಂತೆ ಕೆಲಸಕ್ಕೆ ಹಾಜರಾಗಿರುತ್ತಾರೆ. ಹಿಂದಿನ ದಿನ ಅವರಿಗಾಗಿ ಅತ್ತು ಮತ ಹಾಕಿದ್ದ ಮಹಿಳೆಯೊಬ್ಬರಿಗೆ ಅವರೇ ಟಿಕೆಟ್ ಕೊಟ್ಟಿದ್ದು, ಮಹಿಳೆಯು 'ರೀ, ನೀವು ಹೋಗ್ಬಿಟ್ರಲ್ರೀ' ಎಂದಾಗ 'ಎಲ್ಲಿಗೆ ಹೋಗ್ಲಿ ತಾಯಿ, ಇನ್ನೂ ಎರಡು ಟ್ರಿಪ್ ಬಾಕಿ ಇದೆ' ಎಂದು ಬೇಜವಾಬ್ದಾರಿಯಿಂದ ಉತ್ತರಿಸಿರುತ್ತಾರೆ.

ಸದರಿ ಸ್ಪರ್ಧಿಯು ಪ್ರಸ್ತುತ ಮತಗಳಲ್ಲಿ ಎಲ್ಲರಿಗಿಂತ ಮುಂದಿದ್ದಾರೆ. ಗೆದ್ದರೆ ಜೆರಾಕ್ಸ್ ಅಂಗಡಿ ಬಿಟ್ಟು ಹಾಡಿಕೊಂಡೇ ಬದುಕಬಹುದು. ಸೋತರೆ ಸೋಮವಾರ ಬೆಳಿಗ್ಗೆ ಅಂಗಡಿಯ ಶಟರ್ ಎತ್ತಬೇಕು. ಈ ಮುನ್ನಡೆಯು ತಂದೆಯವರ ನಿಧನವನ್ನೇ ನೆಚ್ಚಿಕೊಂಡಿರುವುದರಿಂದ, ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ:

೧. ಸದರಿ ಮರಣವು ಸಂಪೂರ್ಣ ತಾತ್ಕಾಲಿಕ ಸ್ವರೂಪದ್ದಾಗಿದ್ದು, ವಿಜೇತರ ಹೆಸರು ಘೋಷಣೆಯಾಗುವವರೆಗೆ ಮಾತ್ರ ಚಾಲ್ತಿಯಲ್ಲಿರುತ್ತದೆ. ಇದನ್ನು ಖಾಯಂಗೊಳಿಸುವಂತೆ ಕೋರಲು ತಂದೆಯವರಿಗೆ ಯಾವುದೇ ಹಕ್ಕು ಇರುವುದಿಲ್ಲ.

೨. ಮೃತರು ಕೆಲಸಕ್ಕೆ ಹೋಗತಕ್ಕದ್ದಲ್ಲ. ರಜೆಯ ಅರ್ಜಿಯಲ್ಲಿ ಕಾರಣವನ್ನು 'ಸ್ವಂತ ಕೆಲಸ' ಎಂದು ನಮೂದಿಸುವುದು.

೩. ಮನೆಯೊಳಗೆ ಅವರು ಅಡುಗೆಮನೆಯ ಬಾಗಿಲ ಹಿಂದೆ ಕುಳಿತಿರತಕ್ಕದ್ದು. ಸ್ನಾನ ಮಾಡುವಾಗ ಹಾಡುವುದನ್ನು, ಸ್ಟಾಪುಗಳ ಹೆಸರು ಕೂಗುವುದನ್ನು ನಿಷೇಧಿಸಲಾಗಿದೆ. ಕೆಮ್ಮು ತಡೆಯಲಾಗದಿದ್ದಲ್ಲಿ ಒಮ್ಮೆ ಕೆಮ್ಮಬಹುದು. ತಕ್ಷಣವೇ ಪತ್ನಿಯವರು ಅದೇ ದನಿಯಲ್ಲಿ ಇನ್ನೊಮ್ಮೆ ಕೆಮ್ಮಿ ಅದರ ಹೊಣೆ ಹೊರತಕ್ಕದ್ದು.

೪. ಅನಿವಾರ್ಯವಾಗಿ ಹೊರಗೆ ಬರಬೇಕಾದಲ್ಲಿ, ಅವರು ತಮ್ಮನ್ನು ತಮ್ಮದೇ ತಮ್ಮನೆಂದು ಪರಿಚಯಿಸಿಕೊಳ್ಳತಕ್ಕದ್ದು. ಆ ಸಂದರ್ಭದಲ್ಲಿ ಮಗಳು ಅವರನ್ನು 'ಚಿಕ್ಕಪ್ಪ' ಎಂದು ಕರೆಯುವುದು; ಪತ್ನಿಯವರು ಮೈದುನನೊಂದಿಗೆ ಎಷ್ಟು ಬೇಕೋ ಅಷ್ಟೇ ಮಾತನಾಡುವುದು. ಈ ಬಗ್ಗೆ ಪತ್ನಿಯವರು 'ಮದುವೆ ಆದಾಗಿಂದ ಗಂಡ ಅಂತ ಬೈಕೊಂಡು ಬಂದಿದೀನಿ, ಈಗ ಮೈದುನ ಅಂತ ಹೆಂಗ್ರೀ ಬೈಲಿ' ಎಂದು ಸ್ಪಷ್ಟೀಕರಣ ಕೋರಿರುತ್ತಾರೆ. ಬೈಗುಳಗಳ ವಿಷಯದಲ್ಲಿ ಯಥಾಸ್ಥಿತಿ ಕಾಯ್ದುಕೊಳ್ಳಬಹುದೆಂದು ಸ್ಪಷ್ಟಪಡಿಸಲಾಗಿದೆ.

೫. ಸಾರ್ವಜನಿಕರು ಮೃತರನ್ನು ರಸ್ತೆಯಲ್ಲಿ ಕಂಡಲ್ಲಿ ಅದನ್ನು ತಮ್ಮ ಕಣ್ಣಿನ ದೋಷವೆಂದು ಭಾವಿಸತಕ್ಕದ್ದು. ಈಗಾಗಲೇ ಸುರಿಸಿರುವ ಕಣ್ಣೀರನ್ನಾಗಲಿ, ಹಾಕಿರುವ ಮತವನ್ನಾಗಲಿ ಹಿಂಪಡೆಯಲು ಅವಕಾಶವಿರುವುದಿಲ್ಲ.

೬. ಅಂತಿಮ ಸುತ್ತಿನಲ್ಲಿ ಸ್ಪರ್ಧಿಯು ಹಾಡನ್ನು ಪೂರ್ತಿ ಹಾಡತಕ್ಕದ್ದಲ್ಲ. ಹಾಡು ಮುಗಿಯುವುದರಿಂದ ಕಾರ್ಯಕ್ರಮಕ್ಕೆ ಯಾವುದೇ ಪ್ರಯೋಜನ ಇಲ್ಲದಿರುವುದು ಹಿಂದಿನ ವರ್ಷಗಳ ಅನುಭವದಿಂದ ಸಾಬೀತಾಗಿದೆ.
(ಅ) ಎರಡನೇ ಚರಣಕ್ಕೆ ದನಿ ಒಡೆಯುವುದು.
(ಆ) ವೇದಿಕೆಯ ಎಡಭಾಗದಲ್ಲಿರುವ ತಂದೆಯವರ ದೊಡ್ಡ ಫೋಟೋ ಕಡೆಗೆ ತಿರುಗುವುದು. ಸದರಿ ಫೋಟೋ ಅವರ ಮದುವೆಯದಾಗಿದ್ದು, ವಿಧುರರಂತೆ ಕಾಣಲೆಂದು ಪತ್ನಿಯವರನ್ನು ಕತ್ತರಿಸಲಾಗಿದೆ. ಪತ್ನಿ ಬದುಕಿದ್ದು ಪತಿ ತೀರಿಕೊಂಡಿರುವಾಗ ವಿಧುರರಾಗುವುದು ಹೇಗೆಂಬ ಪ್ರಶ್ನೆ ಪರಿಶೀಲನೆಯಲ್ಲಿದೆ.
(ಇ) ಬಲಭಾಗಕ್ಕೆ ತಿರುಗಿ ಅತ್ತಲ್ಲಿ ಮತ್ತೊಮ್ಮೆ ಅಳಬೇಕಾಗುತ್ತದೆ.

೭. ತೀರ್ಪುಗಾರರ ಪೈಕಿ ಕಳೆದ ವಾರ 'ಶ್ರುತಿ ತುಂಬ ಶುದ್ಧವಾಗಿತ್ತಮ್ಮ' ಎಂದು ಹೇಳಿದವರಿಗೆ ಎಚ್ಚರಿಕೆ ನೀಡಲಾಗಿದೆ. ಸಾವಿನ ಮನೆಯಲ್ಲಿ ಶ್ರುತಿಯ ಮಾತೆತ್ತುವುದು ಅಮಾನವೀಯ. ತೀರ್ಪುಗಾರರು ಸರದಿಯ ಪ್ರಕಾರ ಅಳತಕ್ಕದ್ದು. ಒಬ್ಬರ ಸರದಿಯಲ್ಲಿ ಇನ್ನೊಬ್ಬರು ಕೈಹಾಕಕೂಡದು.

೮. ಕಣ್ಣೀರು ಕೆನ್ನೆಯ ಮೇಲಿರುವಾಗಲೇ ಜಾಹೀರಾತಿಗೆ ಹೋಗುವುದು. ಸಾವಿಗೂ ಸೋಪಿಗೂ ನಡುವೆ ಬೇರೆ ಏನೂ ಬರಕೂಡದು.

೯. ಮೇಲ್ಕಂಡ ಸೂಚನೆಗಳಿಗೆ ತಂದೆಯವರ ಮೌಖಿಕ ಒಪ್ಪಿಗೆ ಪಡೆಯಲಾಗಿದೆ. 'ಮಗು ಗೆಲ್ಲೋದಾದ್ರೆ ನಾನು ಒಂದು ವಾರ ಸತ್ತಿದ್ರೆ ಯಾರ ಗಂಟು ಹೋಗುತ್ತೆ ಬಿಡಿ ಸಾರ್' ಎಂದು ಅವರು ಹೇಳಿದ್ದು, ಅಂದಿನಿಂದ ಬಾಗಿಲ ಹಿಂದೆ ತೃಪ್ತಿಕರವಾಗಿ ಕುಳಿತಿರುತ್ತಾರೆ. ಆದರೆ ಅದೇ ವೇಳೆ ಅವರು ಅಂತಿಮ ಸುತ್ತಿಗೆ ಪಾಸೊಂದನ್ನು ಕೋರಿರುತ್ತಾರೆ: 'ಕೊನೇ ಸಾಲಲ್ಲಿ ಕೂರ್ತೀನಿ, ಟೋಪಿ ಹಾಕ್ಕೊಂಡು ಬರ್ತೀನಿ. ಅವಳು ಅಷ್ಟು ದೊಡ್ಡ ಜಾಗದಲ್ಲಿ ಹಾಡೋದನ್ನ ಒಂದ್ಸಲ ಎದುರು ಕೂತು ಕೇಳ್ಬೇಕು. ಅವಳಿಗೆ ಹೇಳ್ಬೇಡಿ, ಸುಮ್ನೆ ನೊಂದ್ಕೋತಾಳೆ.' ನಿಯಮಾನುಸಾರ ಪಾಸುಗಳನ್ನು ಸ್ಪರ್ಧಿಯ ಬದುಕಿರುವ ಕುಟುಂಬ ಸದಸ್ಯರಿಗೆ ಮಾತ್ರ ನೀಡಬಹುದಾಗಿದ್ದು, ಸದರಿ ಕೋರಿಕೆಯನ್ನು ತಿರಸ್ಕರಿಸಲಾಗಿದೆ.

೧೦. ಸ್ಪರ್ಧೆ ಮುಗಿದ ನಂತರ ತಂದೆಯವರು ತಮ್ಮಷ್ಟಕ್ಕೆ ತಾವೇ ಬದುಕಿಕೊಳ್ಳತಕ್ಕದ್ದಲ್ಲ. ಮುಂದಿನ ವರ್ಷದ ಮೊದಲ ಸಂಚಿಕೆಯಲ್ಲಿ ನೆನಪಿನ ಶಕ್ತಿ ಕಳೆದುಕೊಂಡ ಸ್ಥಿತಿಯಲ್ಲಿ ಪತ್ತೆಯಾಗುವ ಸಾಧ್ಯತೆಯನ್ನು ವಿಭಾಗವು ಕಾಯ್ದಿರಿಸಿಕೊಂಡಿದೆ.

ಈ ಸೂಚನೆಗಳನ್ನು ಮೀರಿ ಬದುಕಿರುವುದು ಕಂಡುಬಂದಲ್ಲಿ, ಅದರ ಪರಿಣಾಮಕ್ಕೆ ಮಗಳೇ ಹೊಣೆಯಾಗುತ್ತಾರೆ.

ಸಹಿ/-
ಉಪಮುಖ್ಯಸ್ಥರು (ದುಃಖ)
ಮುಖ್ಯಸ್ಥರ ಪರವಾಗಿ
(ಮುಖ್ಯಸ್ಥರು ನಗೆ ಕಾರ್ಯಕ್ರಮದ ಪ್ರಭಾರದಲ್ಲಿರುತ್ತಾರೆ)

ಪ್ರತಿಗಳು:

೧. ತೀರ್ಪುಗಾರರಿಗೆ, ಕರವಸ್ತ್ರ ಸಹಿತ.
೨. ಕೊಳಲಿನವರಿಗೆ. ಹಾಡು ಶುರುವಾಗುವ ಮೊದಲೇ ಊದಲು.
೩. ಸೋಪಿನ ಕಂಪನಿಗೆ, ಧೈರ್ಯಕ್ಕಾಗಿ.
೪. ಬಸ್ ಡಿಪೋ ಮ್ಯಾನೇಜರಿಗೆ. ಮೃತರ ರಜೆಯನ್ನು ಮಂಜೂರು ಮಾಡುವಂತೆ ಕೋರಿ.
೫. ಹಿಂದೆ ಹೊರಬಿದ್ದ, ನಿಜವಾಗಿಯೂ ತಂದೆಯಿಲ್ಲದ ಹುಡುಗನಿಗೆ, ಕೇವಲ ಮಾಹಿತಿಗಾಗಿ.
೬. ದಿವಂಗತ ತಂದೆಯವರಿಗೆ, ಓದಿ ಮರಳಿಸಲು.
೭. ಸ್ಪರ್ಧಿಗೆ, ಖುದ್ದಾಗಿ ತಲುಪಿಸಿ ಸಹಿ ಪಡೆಯಲು.

ಏಳನೇ ಪ್ರತಿಯ ಮೇಲೆ ಕಚೇರಿ ಜವಾನರ ಷರಾ:

ಸ್ಪರ್ಧಿಯನ್ನು ತಾಲೀಮಿನ ಕೋಣೆಯಲ್ಲಿ ಭೇಟಿ ಮಾಡಲಾಯಿತು. ನಿಂತಲ್ಲೇ ಪೂರ್ತಿ ಓದಿದರು. ಒಂಬತ್ತನೇ ಅಂಶವನ್ನು ಎರಡು ಸಲ ಓದಿದರು. 'ಅಪ್ಪ ಪಾಸ್ ಕೇಳಿದ್ರಾ?' ಎಂದು ವಿಚಾರಿಸಿದರು. ಕೇಳಿದ್ದರು ಎಂದು ತಿಳಿಸಲಾಯಿತು. 'ಟೋಪಿ ಹಾಕ್ಕೊಂಡಾ?' ಎಂದರು. ಹೌದು ಎಂದು ತಿಳಿಸಲಾಯಿತು. ಆಮೇಲೆ ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, 'ನಾನು ಹಾಡಲ್ಲಣ್ಣ, ಮೇಲಿನೋರಿಗೆ ಹೇಳ್ಬಿಡಿ' ಎಂದರು. ಗೆಲ್ಲುವವರು ನೀವೇ, ಇನ್ನೊಂದೇ ಭಾನುವಾರ, ದುಡುಕಬೇಡಿ ಎಂದು ತಿಳಿಹೇಳಲಾಯಿತು. 'ಗೊತ್ತು' ಎಂದರು. ಚಪ್ಪಲಿ ಹಾಕಿಕೊಂಡರು. ಪ್ರತಿ ಮುಟ್ಟಿದ್ದಕ್ಕೆ ಸಹಿ ಹಾಕಲು ಪೆನ್ನು ಚಾಚಲಾಯಿತು. ತೆಗೆದುಕೊಳ್ಳಲಿಲ್ಲ.